ಬೇರೆಯವರು ಕೊಟ್ಟ ಸೆಟ್ಟಿಂಗ್ಸ್ ಕಡತವನ್ನು ಓದದೆ ಹಾಕಿಕೊಳ್ಳಬೇಡಿ

ಸ್ವಯಂಸೇವೆಯಿಂದ ತಂತ್ರಾಂಶಗಳನ್ನು ಕನ್ನಡಕ್ಕೆ ತರುತ್ತಿರುವವರು, ಅದರಲ್ಲೂ ಅನುವಾದವನ್ನು ಇಮೇಲ್ ಮೂಲಕವೇ ಕಳುಹಿಸಬೇಕಾದ ಯೋಜನೆಗಳಿಗೆ ಹೊಸದಾಗಿ ಸೇರುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಾಡಿದ ಬದಲಾವಣೆಗಳನ್ನು ಇಮೇಲ್ ಮೂಲಕ ಕಳುಹಿಸುವ ಗಿಟ್ ಸೆಂಡ್-ಇಮೇಲ್ ಎಂಬ ಸಾಧನವನ್ನು ಹೊಂದಿಸಿಕೊಳ್ಳಲೆಂದು ಹಿರಿಯ ಅನುವಾದಕರೊಬ್ಬರು ಕೊಟ್ಟ ಸಿದ್ಧ ಕಡತವನ್ನು ನಾನು ತೆರೆದೂ ನೋಡದೆ ಹಾಕಿಕೊಂಡೆ. ಹನ್ನೊಂದು ವಾರ ಕುಳಿತು ಮಾಡಿದ, ತಂತ್ರಾಂಶದ ಪರದೆಯಲ್ಲಿ ಕಾಣುವ 640 ಸಂದೇಶಗಳ ಅನುವಾದ ಇಂದು ಅವರ ಹೆಸರಿನಲ್ಲಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ನನ್ನಿಂದ ಮೊದಲಿಗೆ ಒಂದು ಪತ್ರವೂ ಹೋಗುತ್ತಿರಲಿಲ್ಲ. ಮೇಲ್ ಸರ್ವರನ್ನು ತಲುಪುವ ದಾರಿಯಾದ 25ನೇ ಪೋರ್ಟ್ ಮುಚ್ಚಿತ್ತು. 587ಕ್ಕೆ ಬದಲಿಸಿದರೆ ಪಾಸ್‌ವರ್ಡ್ ತಪ್ಪೆಂದು ಬರುತ್ತಿತ್ತು. ಜಿಮೇಲ್ 2022ರ ಮೇ ತಿಂಗಳ ಕೊನೆಯಿಂದ ಇಂಥ ಸಾಧನಗಳಿಗೆ ಖಾತೆಯ ಸಾಮಾನ್ಯ ಪಾಸ್‌ವರ್ಡನ್ನು ಒಪ್ಪುವುದಿಲ್ಲ, ಎರಡು ಹಂತದ ಪರಿಶೀಲನೆ ಮಾಡಿಸಿ 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು ಎಂಬುದು ತಿಳಿಯುವಷ್ಟರಲ್ಲಿ ಎರಡು ಸಂಜೆ ಕಳೆದಿದ್ದವು. ಆಗ ಅವರು, "ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ನನ್ನ ಕಡತ ಕಳುಹಿಸುತ್ತೇನೆ. ನಿಮ್ಮ ಹೆಸರು, ವಿಳಾಸ, ಪಾಸ್‌ವರ್ಡ್ ತುಂಬಿಕೊಳ್ಳಿ, ಉಳಿದದ್ದನ್ನು ಮುಟ್ಟಬೇಡಿ" ಎಂದರು. ನಾನು ಮುಟ್ಟಲಿಲ್ಲ.

ಮೊದಲ ಪ್ರಯತ್ನದಲ್ಲೇ ಪರದೆಯ ಕೊನೆಯಲ್ಲಿ "ರಿಸಲ್ಟ್: 250" ಎಂದು ಬಂದಾಗ ಆದ ಸಂತೋಷ ಇನ್ನೂ ನೆನಪಿದೆ. 250 ಎಂದರೆ ಮೇಲ್ ಸರ್ವರ್ ಪತ್ರವನ್ನು ಸ್ವೀಕರಿಸಿದೆ ಎಂದಷ್ಟೇ ಅರ್ಥ. ಅದು ಯಾರಿಗೆ ಹೋಗುತ್ತಿದೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಅದನ್ನು ಹೇಳುವ ಸಾಲು ಅದಕ್ಕಿಂತ ಸ್ವಲ್ಪ ಮೇಲೆ ಪ್ರತಿ ಸಲವೂ ಕಾಣಿಸಿಕೊಂಡಿತ್ತು, ಪ್ರತಿ ಸಲವೂ ನಾನು 250 ಒಂದನ್ನೇ ನೋಡಿದೆ. ಕಡತದಲ್ಲಿ 'ಟು' ಎಂಬಲ್ಲಿ ಯೋಜನೆಯ ವಿಳಾಸವಿರಲಿಲ್ಲ, ಅವರ ಸ್ವಂತ ವಿಳಾಸವಿತ್ತು. 'ಕನ್ಫರ್ಮ್' ಎಂಬಲ್ಲಿ 'ನೆವರ್' ಎಂದಿದ್ದುದರಿಂದ ಕಳುಹಿಸುವ ಮುನ್ನ ಸಾಧನ ನನ್ನನ್ನು ಏನೂ ಕೇಳಲಿಲ್ಲ. 'ಸಪ್ರೆಸ್-ಸಿಸಿ' ಎಂಬಲ್ಲಿ 'ಆಲ್' ಎಂದಿದ್ದುದರಿಂದ ಸಾಮಾನ್ಯವಾಗಿ ಕಳುಹಿಸಿದವರಿಗೂ ಬರುವ ಪ್ರತಿ ನನಗೆ ಒಮ್ಮೆಯೂ ಬರಲಿಲ್ಲ. ಪ್ರತಿ ಏಕೆ ಬರುತ್ತಿಲ್ಲ ಎಂದು ಕೇಳಿಯೂ ಇದ್ದೆ. "ಸುಮ್ಮನೆ ನಿಮ್ಮ ಇನ್‌ಬಾಕ್ಸ್ ತುಂಬುತ್ತದೆ ಎಂದು ನಿಲ್ಲಿಸಿದ್ದೇನೆ" ಎಂದರು. ಅದಕ್ಕೆ ನಾನು ಧನ್ಯವಾದವನ್ನೂ ಹೇಳಿದೆ!

ಹೊಸ ಆವೃತ್ತಿ ಬಂದ ದಿನ ಕನ್ನಡದ ಪಿಒ ಕಡತವನ್ನು, ಅಂದರೆ ಅನುವಾದಗಳೆಲ್ಲ ಇರುವ ಕಡತವನ್ನು ತೆರೆದೆ. ವಾಕ್ಯಗಳೆಲ್ಲ ನನ್ನವೇ. 'ಲಾಸ್ಟ್-ಟ್ರಾನ್ಸ್‌ಲೇಟರ್' ಎಂಬಲ್ಲಿ ಮಾತ್ರ ಅವರ ಹೆಸರಿತ್ತು. 'ಅನ್‌ಡು' ಎಂಬ ಪದದ ಮೇಲೆ ನಾನೇ ಹಾಕಿದ್ದ ಟಿಪ್ಪಣಿಯೂ ಹಾಗೆಯೇ ಉಳಿದಿತ್ತು: "ರದ್ದುಗೊಳಿಸು ಎಂಬುದು ಕ್ಯಾನ್ಸಲ್‌ಗೆ ಬಳಕೆಯಾಗಿರುವುದರಿಂದ ಇಲ್ಲಿ ಹಿಂದಿನಂತೆ ಮಾಡು ಎಂದು ಇಟ್ಟಿದ್ದೇನೆ." ಆ "ಇಟ್ಟಿದ್ದೇನೆ" ನನ್ನ ಮಾತು. ಆ ಒಂದು ಪದಕ್ಕಾಗಿ ನಾನು ಒಂದು ಇಡೀ ರಾತ್ರಿ ಯೋಚಿಸಿದ್ದೆ. ಅದನ್ನು ಇನ್ನೊಬ್ಬರ ಹೆಸರಿನ ಕೆಳಗೆ ಓದಿದಾಗ ಕೈ ನಡುಗಿತು.

ಕೇಳಿದ್ದಕ್ಕೆ ಬಂದ ಮೊದಲ ಉತ್ತರ: "ಪಿಒ ಎಡಿಟರ್ ತಾನಾಗಿಯೇ ಹೆಸರು ಬದಲಿಸಿರಬೇಕು." ಇದು ಅರ್ಧ ನಿಜ, ಕಡತವನ್ನು ಉಳಿಸುವಾಗ ಆ ಸಾಲಿನಲ್ಲಿ ಉಳಿಸಿದವರ ಹೆಸರನ್ನು ತಾವೇ ಬರೆಯುವ ಎಡಿಟರ್‌ಗಳಿವೆ. ಆದರೆ ಕಮಿಟ್‌ನ, ಅಂದರೆ ಯೋಜನೆಯ ಇತಿಹಾಸದಲ್ಲಿ ದಾಖಲಾದ ಬದಲಾವಣೆಯ ಕರ್ತೃವಿನ ಹೆಸರು? ಇಮೇಲ್‌ನಲ್ಲಿ ಬಂದ ಪ್ಯಾಚನ್ನು (ಮಾಡಿದ ಬದಲಾವಣೆಗಳ ಪಟ್ಟಿಯನ್ನು) ಗಿಟ್ ಎಎಮ್ ಎಂಬ ಆಜ್ಞೆಯ ಮೂಲಕ ಸೇರಿಸಿದರೆ ಕಳುಹಿಸಿದವರ ಹೆಸರು ಹಾಗೆಯೇ ಉಳಿಯುತ್ತದೆ. ಅದು ಹೋಗಬೇಕಾದರೆ ಯಾರಾದರೂ ಕೈಯಾರೆ ತೆಗೆಯಬೇಕು. ಹೀಗೆಂದು ಬರೆದೆ. ಎರಡನೆಯ ಉತ್ತರ ಬಂತು: "ಸ್ವಯಂಸೇವೆಯಲ್ಲಿ ಹೆಸರೇಕೆ ಬೇಕು? ಕನ್ನಡ ಬಂತಲ್ಲ, ಅಷ್ಟು ಸಾಲದೆ?" ಹೆಸರು ಬೇಡವಾಗಿದ್ದರೆ ತಮ್ಮ ಹೆಸರನ್ನೇಕೆ ಹಾಕಿಕೊಂಡಿರಿ ಎಂದು ಕೇಳಿದೆ. ಮೂರನೆಯ ಮತ್ತು ಕೊನೆಯ ಉತ್ತರ: "ಕಡತವನ್ನು ನಿಮ್ಮ ಕೈಗೇ ಕೊಟ್ಟಿದ್ದೆನಲ್ಲ, ಓದಿಕೊಳ್ಳಬೇಕಿತ್ತು." ಮುಟ್ಟಬೇಡಿ ಎಂದವರೂ ಅವರೇ, ಓದಬೇಕಿತ್ತು ಎಂದವರೂ ಅವರೇ.

ಹೊಸಬರೇ, ಸರ್ವರ್, ಪೋರ್ಟ್, ಎನ್‌ಕ್ರಿಪ್ಷನ್, ಬಳಕೆದಾರರ ಹೆಸರು ಇವಿಷ್ಟನ್ನು ನೀವೇ ಟೈಪ್ ಮಾಡಿ. ಎಷ್ಟೇ ಹಿರಿಯರು ಕೊಟ್ಟರೂ ಸಿದ್ಧ ಕಡತ ಬೇಡ. ಈಗಾಗಲೇ ಹಾಕಿಕೊಂಡಿದ್ದರೆ ಗಿಟ್ ಕಾನ್ಫಿಗ್ ಆಜ್ಞೆಗೆ 'ಲಿಸ್ಟ್', 'ಶೋ-ಒರಿಜಿನ್' ಎರಡನ್ನೂ ಸೇರಿಸಿ ಇವತ್ತೇ ಓಡಿಸಿ. ಯಾವ ಸೆಟ್ಟಿಂಗ್ ಯಾವ ಕಡತದಿಂದ ಬರುತ್ತಿದೆ ಎಂಬುದು ಸಾಲುಸಾಲಾಗಿ ಕಾಣುತ್ತದೆ. 'ಕನ್ಫರ್ಮ್' ಯಾವಾಗಲೂ 'ಆಲ್ವೇಸ್' ಆಗಿರಲಿ, ಮೊದಲು 'ಡ್ರೈ-ರನ್', ಅಂದರೆ ನಿಜವಾಗಿ ಕಳುಹಿಸದೆ ಪರೀಕ್ಷೆ ಮಾಡಿ ನೋಡಿ. ಪಾಸ್‌ವರ್ಡನ್ನು ಕಡತದಲ್ಲಿ ಬರೆಯಲೇಬೇಡಿ, ಬೇಕಾದಾಗ ಸಾಧನವೇ ಕೇಳುತ್ತದೆ. ಸರ್ವರ್ ಎಂಬಲ್ಲಿಯೂ ಅವರದೇ ಯಂತ್ರದ ಹೆಸರಿದ್ದಿದ್ದರೆ ನನ್ನ ಪಾಸ್‌ವರ್ಡ್ ಕೂಡ ಅವರ ಕೈ ಸೇರುತ್ತಿತ್ತು. ಹಾಗಾಗಿರಲಿಲ್ಲ, ಆದರೂ ಆ ಆ್ಯಪ್ ಪಾಸ್‌ವರ್ಡನ್ನು ಅಂದೇ ರದ್ದು ಮಾಡಿದೆ.

ಬಿಡುಗಡೆಯಾದ ಆವೃತ್ತಿಯ ಇತಿಹಾಸವನ್ನು ತಿದ್ದಲಾಗದು ಎಂದು ಯೋಜನೆಯ ನಿರ್ವಾಹಕರು ತಿಳಿಸಿದರು. ಕಡತದ ತಲೆಯಲ್ಲಿರುವ ಅನುವಾದಕರ ಪಟ್ಟಿಗೆ ನನ್ನ ಹೆಸರನ್ನು ಸೇರಿಸಿ ಒಂದು ಪ್ಯಾಚ್ ಕಳುಹಿಸುವಂತೆ ಹೇಳಿದರು. ನಿನ್ನೆ ರಾತ್ರಿ ಕಳುಹಿಸಿದೆ. ಕಳುಹಿಸಲೇ ಎಂದು ಸಾಧನ ಕೇಳಿತು. 'ಟು' ಸಾಲನ್ನು ಎರಡು ಸಲ ಓದಿ 'ವೈ' ಒತ್ತಿದೆ. ಎರಡು ನಿಮಿಷದಲ್ಲಿ ಅದರ ಪ್ರತಿ ನನ್ನ ಇನ್‌ಬಾಕ್ಸ್‌ಗೆ ಬಂತು.