ಗೇಲಿಕ್ ಫುಟ್‌ಬಾಲ್ ಸ್ಟ್ರೀಮಿಂಗ್ ಪಾಸ್: ಫೈನಲ್ ಸಿಗಲ್ಲ, ಆದರೂ ಪ್ರತಿ ವರ್ಷ ಕೊಳ್ಳುತ್ತೇನೆ

ಮೊದಲೇ ಹೇಳಿಬಿಡುತ್ತೇನೆ. ಐರ್ಲೆಂಡಿನಲ್ಲಿ ಕೂತು ಜಿಎಎ ಪ್ಲಸ್ ಅನ್ನುವ ಈ ಪಾಸ್ ಕೊಂಡರೆ ಆಲ್-ಐರ್ಲೆಂಡ್ ಫೈನಲ್, ಅಂದರೆ ಕೌಂಟಿಗಳ (ನಮ್ಮ ಜಿಲ್ಲೆಗಳ ಹಾಗೆ) ಚಾಂಪಿಯನ್‌ಶಿಪ್‌ನ ಕೊನೆಯ ಪಂದ್ಯ, ಸಿಗುವುದಿಲ್ಲ. ಸೆಮಿಫೈನಲ್ಲೂ ಇಲ್ಲ. ಕ್ವಾರ್ಟರ್ ಫೈನಲ್‌ಗಳೂ ನಾನು ನೋಡುತ್ತಾ ಬಂದ ವರ್ಷಗಳಲ್ಲಿ ಐರ್ಲೆಂಡಿನ ಸಾರ್ವಜನಿಕ ವಾಹಿನಿ ಆರ್‌ಟಿಇ ಟೀವಿಯಲ್ಲೇ ಬಂದಿವೆ. ಅವಕ್ಕೆ ಬೇರೆ ದುಡ್ಡು ಬೇಡ. ವರ್ಷಕ್ಕೆ 160 ಯೂರೊ ಟೀವಿ ಲೈಸೆನ್ಸ್ ಕಟ್ಟಿದ್ದರೆ ಆಯಿತು. ಪಾಸ್‌ನಲ್ಲಿ ಸಿಗುವುದು ಹೆಚ್ಚಾಗಿ ಅದಕ್ಕೂ ಮುಂಚಿನ ಶನಿವಾರದ ಪಂದ್ಯಗಳು. 2025ರವರೆಗೆ ಅಂದರೆ ಗುಂಪು ಹಂತದವು, ಆಮೇಲೆ ಪ್ರಿಲಿಮಿನರಿ ಕ್ವಾರ್ಟರ್ ಫೈನಲ್ ಅನ್ನುವ ಮೊದಲ ನಾಕೌಟ್ ಸುತ್ತಿನ ಕೆಲವು. ಆದರೂ ನಾನು ಪ್ರತಿ ವರ್ಷ ಕೊಳ್ಳುತ್ತೇನೆ. ಕಾರಣ ನಮ್ಮ ಡಬ್ಲಿನ್ ಆಫೀಸಿನ ಅಡುಗೆಮನೆಯ ಗೋಡೆಯ ಮೇಲಿದೆ.

ಜೂನ್ ಮಧ್ಯಕ್ಕೆ ಅಲ್ಲಿ ಒಂದು ದೊಡ್ಡ ಹಾಳೆ ಅಂಟಿಸುತ್ತಾರೆ. ನಾಕೌಟ್ ಪಂದ್ಯಗಳೆಲ್ಲ ಅದರಲ್ಲಿರುತ್ತವೆ. ಯಾರು ಗೆಲ್ಲುತ್ತಾರೆ, ಎಷ್ಟು ಅಂತರದಲ್ಲಿ, ಎಲ್ಲರೂ ಬರೆಯಬೇಕು. ತಲೆಗೆ ಐದು ಯೂರೊ. ಗೆದ್ದವರಿಗೆ ಅರ್ಧ, ಉಳಿದದ್ದು ಒಂದು ಕ್ಲಬ್‌ನ ಮಕ್ಕಳ ತಂಡಕ್ಕೆ. ಸುಮ್ನೆ ಹೆಸರು ಬರೆದು ಹೋಗುವ ಹಾಗಿಲ್ಲ. ಯಾಕೆ ಅಂತ ಕೇಳುತ್ತಾರೆ. ಉತ್ತರ ಸರಿಯಿಲ್ಲದಿದ್ದರೆ ಆ ವಾರ ಚಹಾ ಮಾಡಿಕೊಳ್ಳಲು ಹೋದಾಗಲೆಲ್ಲ ಕಾಲೆಳೆಯುತ್ತಾರೆ. ಆ ಉತ್ತರಕ್ಕೆ ಬೇಕಾದ ಸರಕು ಈ ಪಾಸ್‌ನಲ್ಲಿದೆ. ಫೈನಲ್ ಎಲ್ಲರೂ ನೋಡುತ್ತಾರೆ. ಜೂನ್ ಶನಿವಾರ ಸಂಜೆ ಯಾವುದೋ ಸಣ್ಣ ಊರಿನ ಮೈದಾನದಲ್ಲಿ ನಡೆದದ್ದನ್ನು ನೋಡಿದವರು ಕಡಿಮೆ. ನೋಡಿದವರ ಮಾತಿಗೆ ತೂಕ ಜಾಸ್ತಿ.

ಸೇವೆಯ ಬಗ್ಗೆ ಸ್ವಲ್ಪ ಹಿನ್ನೆಲೆ. 2014ರಲ್ಲಿ ಜಿಎಎ, ಅಂದರೆ ಈ ಆಟಗಳನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಆರ್‌ಟಿಇ ಜೊತೆ ಸೇರಿ ಜಿಎಎಗೋ ಅಂತ ಶುರು ಮಾಡಿತು. ಮೂಲತಃ ಅದು ಹೊರದೇಶದಲ್ಲಿರುವ ಐರಿಶ್ ಜನಕ್ಕೆ. ಸ್ಕೈ ಚಾನೆಲ್‌ನ ಒಪ್ಪಂದ 2022ರಲ್ಲಿ ಮುಗಿದ ಮೇಲೆ, 2023ರಿಂದ ಐರ್ಲೆಂಡ್ ಒಳಗೂ ಒಂದಷ್ಟು ಚಾಂಪಿಯನ್‌ಶಿಪ್ ಪಂದ್ಯಗಳು ಅದರಲ್ಲಿ ಮಾತ್ರ ಬರತೊಡಗಿದವು. ಆಗ ಇಡೀ ಸೀಸನ್‌ಗೆ 79 ಯೂರೊ, ಒಂದೇ ಪಂದ್ಯಕ್ಕೆ 12. ಗಲಾಟೆಯೋ ಗಲಾಟೆ. ಕಾರ್ಕ್ ಮತ್ತು ಟಿಪ್ಪರೇರಿ ನಡುವಿನ ಹರ್ಲಿಂಗ್ (ಕೋಲಿನಿಂದ ಚೆಂಡು ಹೊಡೆಯುವ, ಜಿಎಎಯ ಇನ್ನೊಂದು ಆಟ) ಪಂದ್ಯ ಡ್ರಾ ಆಗಿ ಎಲ್ಲರ ಬಾಯಲ್ಲಿದ್ದಾಗ, ಅದು ಟೀವಿಯಲ್ಲಿ ಬರಲಿಲ್ಲ ಅಂತ ಆಗಿನ ಉಪಪ್ರಧಾನಿ ಮೀಹಾಲ್ ಮಾರ್ಟಿನ್ ಕೂಡ ಸಿಡಿದರು. ಅವರು ಕಾರ್ಕ್‌ನವರು, ಬಿಡಿ. 2024ರ ಕೊನೆಗೆ ಆರ್‌ಟಿಇ ಹೊರಬಂತು. 2025ರಲ್ಲಿ ಅದೇ ಸೇವೆ ಜಿಎಎ ಪ್ಲಸ್ ಆಯಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದೊಂದು ಕಡೆ ಹದಿನೈದು ಜನ. ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಅಡ್ಡಪಟ್ಟಿಯ ಮೇಲೆ ಹೋದರೆ ಒಂದು ಪಾಯಿಂಟ್ (ದೂರದಿಂದಾದರೆ 2025ರಿಂದ ಎರಡು, ಆ ಮಾತು ಮುಂದೆ), ಬಲೆಗೆ ಬಿದ್ದರೆ ಗೋಲು, ಗೋಲಿಗೆ ಮೂರು ಪಾಯಿಂಟ್. 1-15 ಅಂದರೆ ಒಟ್ಟು 18. ಹೊಸಬರಿಗೆ ಸ್ಕೋರ್ ನೋಡಿ ಯಾರು ಮುಂದಿದ್ದಾರೆ ಅಂತ ಹೇಳಲು ಎರಡು ಸೆಕೆಂಡ್ ಬೇಕು. ಆಡುವವರು ಕೌಂಟಿಯ ಪರ ಆಡುತ್ತಾರೆ, ಸಂಬಳವಿಲ್ಲ. ಕೆರ್ರಿಯ ಡೇವಿಡ್ ಕ್ಲಿಫರ್ಡ್ ಈ ಆಟದ ದೊಡ್ಡ ಹೆಸರು, ವೃತ್ತಿಯಲ್ಲಿ ಶಾಲೆಯ ಮೇಷ್ಟ್ರು. ಆದ್ದರಿಂದ ಇಲ್ಲಿನ ಕೀಟಲೆಯಲ್ಲಿ ಒಂದು ಸಲುಗೆ ಇದೆ. ಯಾರೋ ಒಬ್ಬರ ಚಿಕ್ಕಪ್ಪನ ಮಗ ಆ ತಂಡದಲ್ಲಿ ಇದ್ದೇ ಇರುತ್ತಾನೆ.

ಈಗ ಹಾಳೆಯ ಮುಂದೆ ನಿಲ್ಲುವ ಜನ. ನಮ್ಮಲ್ಲಿ ಒಬ್ಬ ಕೆರ್ರಿಯವನಿದ್ದಾನೆ. ಅವನ ಕೌಂಟಿ 2025ರವರೆಗೆ ಆಲ್-ಐರ್ಲೆಂಡ್ ಕಪ್ 39 ಸಲ ಗೆದ್ದಿದೆ, ಬೇರೆ ಯಾರೂ ಹತ್ತಿರವಿಲ್ಲ. ಎರಡನೇ ಸ್ಥಾನದ ಡಬ್ಲಿನ್ 31. ಆದರೆ ನಾಕೌಟ್ ವಾರದಲ್ಲಿ ಇವನ ಮುಖ ನೋಡಿದರೆ ಮನೆಯಲ್ಲಿ ಸಾವಾಗಿದೆ ಅನ್ನಬೇಕು. "ನಮ್ಮದೇನೂ ಇಲ್ಲಪ್ಪ ಈ ವರ್ಷ, ಡಿಫೆನ್ಸ್ ಹೋಯ್ತು, ಹುಡುಗರಿಗೆ ಗಾಯ." ಇದು ಕೆರ್ರಿಯವರ ಹಳೇ ಚಾಳಿ, ದೇಶಕ್ಕೆಲ್ಲ ಗೊತ್ತು. ಆದರೂ ಪ್ರತಿ ವರ್ಷ ಯಾರೋ ಒಬ್ಬರು ನಂಬುತ್ತಾರೆ.

2025ರಲ್ಲಿ ಅವನಿಗೆ ಹಬ್ಬ. ಗುಂಪು ಹಂತದಲ್ಲಿ ಟಲ್ಲಮೋರ್‌ನಲ್ಲಿ ಮೀಥ್ ಕೈಲಿ ಕೆರ್ರಿ 9 ಪಾಯಿಂಟ್‌ಗಳಿಂದ ಸೋತಿತು. ಸೋಮವಾರ ಅವನು ಬಹಳ ಸಂತೋಷದಿಂದ ಅಳುತ್ತಾ ಬಂದ. ಕ್ವಾರ್ಟರ್ ಫೈನಲ್‌ನಲ್ಲಿ ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಆರ್ಮಾ. ಹಾಳೆಯಲ್ಲಿ ಅರ್ಧಕ್ಕರ್ಧ ಜನ ಆರ್ಮಾ ಅಂತ ಬರೆದರು. ಪಂದ್ಯದ ಎರಡನೇ ಅರ್ಧದ ಶುರುವಿನಲ್ಲಿ ಕೆರ್ರಿ ಸತತವಾಗಿ 14 ಪಾಯಿಂಟ್ ಹೊಡೆಯಿತು. ಎದುರು ತಂಡಕ್ಕೆ ಒಂದೂ ಇಲ್ಲ. ಕೊನೆಗೆ 0-32, 1-21. ಅವನ ಸ್ವಂತ ಕಾಲಂನಲ್ಲಿ ಏನು ಬರೆದಿತ್ತು ಗೊತ್ತಾ? ಕೆರ್ರಿ, 8ರಿಂದ. ಬಾಯಲ್ಲಿ ಅಳು, ಪೆನ್ನಲ್ಲಿ ಲೆಕ್ಕ.

ಸೆಮಿಫೈನಲ್ ವಾರ ಬೇರೆ ಥರ ಬಿಸಿ. ಟಿರೋನ್ ಎದುರು. 2003ರ ಸೆಮಿಫೈನಲ್‌ನಲ್ಲಿ ಟಿರೋನ್ ಆಟ ನೋಡಿ, ಕೆರ್ರಿಯ ಹಳೆಯ ಆಟಗಾರ, ಟೀವಿಯಲ್ಲಿ ಕೂತಿದ್ದ ಪ್ಯಾಟ್ ಸ್ಪಿಲೇನ್ ಅದನ್ನು ವಾಂತಿ ಫುಟ್‌ಬಾಲ್ ಅಂದಿದ್ದರು. ಆ ವರ್ಷ ಕಪ್ ಟಿರೋನ್‌ಗೆ. 2005, 2008ರ ಫೈನಲ್‌ಗಳಲ್ಲೂ ಅವರು ಕೆರ್ರಿಯನ್ನೇ ಸೋಲಿಸಿದರು. ಇಪ್ಪತ್ತು ವರ್ಷ ದಾಟಿದರೂ ಟಿರೋನ್‌ನವರು ಆ ಮಾತು ಬಿಟ್ಟಿಲ್ಲ. ನಮ್ಮ ಟಿರೋನ್ ಮಿತ್ರ ಆ ವಾರ ಕೆರ್ರಿಯವನ ಮೇಜಿನ ಮೇಲೆ ವಿಮಾನದಲ್ಲಿ ಕೊಡುವ ವಾಂತಿ ಚೀಲ ಇಟ್ಟಿದ್ದ. ಕೆರ್ರಿ 1-20, 0-17ರಿಂದ ಗೆದ್ದ ಮೇಲೆ ಆ ಚೀಲ ವಾಪಸ್ ಹೋಯಿತು, ಒಳಗೆ ಎರಡು ಚಾಕೊಲೇಟ್ ಹಾಕಿ.

ಮೇಯೋದ ಕಥೆ ಬೇರೆ. ಕೊನೆಯ ಸಲ ಗೆದ್ದದ್ದು 1951. ಗೆದ್ದು ಬರುವಾಗ ಫಾಕ್ಸ್‌ಫರ್ಡ್ ಊರಲ್ಲಿ ಶವಯಾತ್ರೆಗೆ ಮರ್ಯಾದೆ ಕೊಡಲಿಲ್ಲ, ಆ ತಂಡದ ಎಲ್ಲರೂ ಸಾಯುವವರೆಗೆ ಮತ್ತೆ ಕಪ್ ಇಲ್ಲ ಅಂತ ಪಾದ್ರಿ ಶಾಪ ಹಾಕಿದರು ಅನ್ನುವುದು ಜನರ ಬಾಯಿಮಾತು. ಆಮೇಲೆ 1989ರಿಂದ 2021ರವರೆಗೆ ಹನ್ನೊಂದು ಫೈನಲ್ ಸೋತಿದ್ದಾರೆ. 2016ರಲ್ಲಿ ಡಬ್ಲಿನ್ ಎದುರು ತಮ್ಮದೇ ಬಲೆಗೆ ಎರಡು ಗೋಲು ಹಾಕಿಕೊಂಡೂ ಡ್ರಾ ಮಾಡಿದರು, ಮರುಪಂದ್ಯದಲ್ಲಿ ಒಂದು ಪಾಯಿಂಟ್‌ನಿಂದ ಹೋಯಿತು. 2017ರಲ್ಲೂ ಒಂದೇ ಪಾಯಿಂಟ್. 1951ರ ತಂಡದ ಕೊನೆಯ ಆಟಗಾರ ಪ್ಯಾಡಿ ಪ್ರೆಂಡರ್‌ಗ್ಯಾಸ್ಟ್ 2021ರಲ್ಲಿ ತೀರಿಕೊಂಡರು, ಆ ವರ್ಷದ ಫೈನಲ್ ಸೋತ ಕೆಲವೇ ದಿನಕ್ಕೆ. ಅಲ್ಲಿಗೆ ಶಾಪದ ನೆಪವೂ ಮುಗಿಯಿತು.

ನಮ್ಮ ಮೇಯೋ ಸಹೋದ್ಯೋಗಿಗೆ ನಾನು "ಈ ಸಲ ಕಪ್ ನಮ್ದೇ" ಕಲಿಸಿಕೊಟ್ಟಿದ್ದೆ. ಚೆನ್ನಾಗಿಯೇ ಹೇಳುತ್ತಿದ್ದಳು. 2025ರ ಜೂನ್ 3ರಂದು ಆರ್‌ಸಿಬಿ ಹದಿನೆಂಟನೇ ಸೀಸನ್‌ನಲ್ಲಿ ಗೆದ್ದೇಬಿಟ್ಟಿತು. ಮರುದಿನ ಅವಳು ಹೇಳಿದ್ದು, "ನೀನೂ ಕೈಬಿಟ್ಟೆ ಅಲ್ವಾ." ಎರಡು ವಾರ ಕಳೆಯುವ ಮೊದಲೇ ಮೇಯೋ ಡೊನಿಗಾಲ್ ಎದುರು ಆಡಿತು. ಡ್ರಾ ಆಗಿದ್ದರೆ ಮುಂದಿನ ಸುತ್ತಿಗೆ ಹೋಗುತ್ತಿತ್ತು. ಕೊನೆಯ ಕ್ಷಣದಲ್ಲಿ ಡೊನಿಗಾಲ್‌ನ ಕಿಯರನ್ ಮೂರ್ ಒಂದು ಪಾಯಿಂಟ್ ಹೊಡೆದ. 0-19, 1-15. ಆ ವರ್ಷ ಹಾಳೆ ಅಂಟಿಸುವ ಹೊತ್ತಿಗೆ ಮೇಯೋ ಹೆಸರೇ ಅದರಲ್ಲಿರಲಿಲ್ಲ.

ಆರ್ಮಾದವರನ್ನು 2024ರಲ್ಲಿ ನಮ್ಮಲ್ಲಿ ಯಾರೂ ಕಣ್ಣೆತ್ತಿ ನೋಡಲಿಲ್ಲ. 2022ರಿಂದ ನಾಲ್ಕು ಸಲ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತ ತಂಡ ಅದು. "ಡ್ರಾ ಆದರೆ ಆರ್ಮಾ ಮನೆಗೆ" ಅನ್ನುವುದು ಹಾಳೆಯ ಅಲಿಖಿತ ನಿಯಮ. ಅವರು ಸೆಮಿಫೈನಲ್‌ನಲ್ಲಿ ಕೆರ್ರಿಯನ್ನು ಎಕ್ಸ್‌ಟ್ರಾ ಟೈಮ್‌ನಲ್ಲಿ ಮುಗಿಸಿದರು, ಫೈನಲ್‌ನಲ್ಲಿ ಗಾಲ್ವೇಯನ್ನು ಒಂದು ಪಾಯಿಂಟ್‌ನಿಂದ. 2002ರಲ್ಲಿ ನಾಯಕನಾಗಿ ಕಪ್ ಎತ್ತಿದ್ದ ಕೀರನ್ ಮೆಗೀನಿಯೇ ಈ ಸಲ ಮ್ಯಾನೇಜರ್.

ಪಾಸ್ ನಿಜವಾಗಿ ಬೆಲೆ ಕೊಟ್ಟದ್ದು 2025ರಿಂದ. ಡಬ್ಲಿನ್‌ನ ಮಾಜಿ ಮ್ಯಾನೇಜರ್ ಜಿಮ್ ಗ್ಯಾವಿನ್ ಸಮಿತಿ ತಂದ ಹೊಸ ನಿಯಮಗಳು ಆ ವರ್ಷ ಬಂದವು. 40 ಮೀಟರ್ ಗೆರೆಯ ಹೊರಗಿಂದ ಹೊಡೆದರೆ ಎರಡು ಪಾಯಿಂಟ್. ಪ್ರತಿ ತಂಡ ಮೈದಾನದ ಎರಡೂ ಅರ್ಧದಲ್ಲಿ ಮೂವರನ್ನಾದರೂ ಬಿಟ್ಟಿರಬೇಕು, ಎಲ್ಲರೂ ಹಿಂದೆ ಬಂದು ಗೋಡೆ ಕಟ್ಟುವ ಹಾಗಿಲ್ಲ. ಸಮಯ ಮುಗಿದರೆ ಹೂಟರ್. ಹಳೇ ಪಂಡಿತರ ಲೆಕ್ಕವೆಲ್ಲ ತಲೆಕೆಳಗಾಯಿತು. ಐದು ಪಾಯಿಂಟ್ ಮುನ್ನಡೆ ಇದ್ದರೆ ಗೆದ್ದಂತೆ ಅನ್ನುವ ಕಾಲ ಹೋಯಿತು. ಆಗ ಶನಿವಾರದ ಪಂದ್ಯಗಳನ್ನು ನೋಡಿದವರಿಗೆ ಒಂದು ವಿಷಯ ಕಂಡಿತ್ತು. ಯಾವ ತಂಡ ದೂರದಿಂದ ಹೊಡೆಯುತ್ತದೆ, ಯಾವುದು ಹೊಡೆಯುವುದೇ ಇಲ್ಲ. ಜಿಮ್ ಮೆಕ್‌ಗಿನ್ನೆಸ್ ಮ್ಯಾನೇಜರ್ ಆಗಿದ್ದ ಡೊನಿಗಾಲ್ ಎರಡರ ಆಸೆಗೆ ಹೋಗದೆ ಹತ್ತಿರ ಓಡಿ ಬಂದು ಹೊಡೆಯುವ ತಂಡ. ಹಿಂದೆ ಬಿದ್ದರೆ ಬೇಗ ಏಳುವುದು ಕಷ್ಟ ಅನ್ನಿಸಿತ್ತು. ಫೈನಲ್‌ನಲ್ಲಿ ಹಾಗೇ ಆಯಿತು. ಕೆರ್ರಿ 1-26, ಡೊನಿಗಾಲ್ 0-19. ಕ್ಲಿಫರ್ಡ್ ಒಬ್ಬನೇ 9 ಪಾಯಿಂಟ್. ಈ ಲೆಕ್ಕ ನನಗೆ ಟೀವಿಯ ವಿಶ್ಲೇಷಕರು ಹೇಳಿಕೊಟ್ಟದ್ದಲ್ಲ, ಜೂನ್‌ನಲ್ಲಿ ಸೋಫಾ ಮೇಲೆ ಕೂತು ನಾನೇ ನೋಡಿದ್ದು.

ಹಾಗಂತ ಪಾಸ್ ಕೊಂಡವರೆಲ್ಲ ಜ್ಯೋತಿಷಿಗಳಾಗುವುದಿಲ್ಲ. ಮೀಥ್ ಇದೆಯಲ್ಲ. ಆ ಒಂದೇ ವರ್ಷ ಡಬ್ಲಿನ್, ಕೆರ್ರಿ, ಗಾಲ್ವೇ ಮೂರನ್ನೂ ಸೋಲಿಸಿತು. ನಡುವೆ ಪೂರ್ವದ ಕೌಂಟಿಗಳ ಲೆನ್‌ಸ್ಟರ್ ಪ್ರಾಂತ್ಯದ ಫೈನಲ್‌ನಲ್ಲಿ ಲೌತ್ ಕೈಲಿ ಸೋತಿತು. ಲೌತ್‌ಗೆ ಅದು 1957ರ ನಂತರ ಮೊದಲ ಲೆನ್‌ಸ್ಟರ್ ಪಟ್ಟ. 2010ರ ಫೈನಲ್‌ನಲ್ಲಿ ಮೀಥ್‌ಗೆ ರೆಫರಿ ಕೊಟ್ಟ ತಪ್ಪು ಗೋಲಿನ ಸೇಡು ಬೇರೆ. ಇಷ್ಟೆಲ್ಲ ಮಾಡಿ ಮೀಥ್ ಸೆಮಿಫೈನಲ್‌ನಲ್ಲಿ ಡೊನಿಗಾಲ್ ಎದುರು 20 ಪಾಯಿಂಟ್‌ಗಳಿಂದ ಸೋತಿತು. ಹಾಳೆಯಲ್ಲಿ ಮೀಥ್‌ನ ದಾರಿ ಸರಿಯಾಗಿ ಬರೆದವರು ಯಾರೂ ಇಲ್ಲ.

ಇನ್ನು ಕಿರಿಕಿರಿಗಳು. ಯಾವ ಸ್ಟ್ರೀಮ್ ಆದರೂ ಮೈದಾನಕ್ಕಿಂತ ಹಿಂದೆ ಓಡುತ್ತದೆ. ಆಫೀಸಿನ ಗುಂಪಿನಲ್ಲಿ ಯಾರಾದರೂ ಮೈದಾನದಲ್ಲೇ ಇದ್ದರೆ ಮುಗಿಯಿತು, ಚೆಂಡು ಆಟಗಾರನ ಕೈಲಿರುವಾಗಲೇ ಫೋನ್‌ನಲ್ಲಿ "ಗೋಲ್!!!" ಬರುತ್ತದೆ. ಫೋನ್ ಬೇರೆ ಕೋಣೆಯಲ್ಲಿಡಿ. ರೇಡಿಯೊ ಹಚ್ಚಿಕೊಂಡು ಚಿತ್ರ ಇಲ್ಲಿ ನೋಡುವವರಿದ್ದಾರೆ, ಕೆರ್ರಿಯವನು ರೇಡಿಯೊ ಕೆರ್ರಿ ಬಿಟ್ಟು ಬೇರೆ ಕಾಮೆಂಟರಿ ಕೇಳುವುದಿಲ್ಲ. ಅವನಿಗೆ ಧ್ವನಿ ಮೊದಲು, ಚಿತ್ರ ಆಮೇಲೆ. ಅದು ಅವನ ಪಾಡು. ಒಂದು ಶನಿವಾರ ಪಂದ್ಯ ಎಕ್ಸ್‌ಟ್ರಾ ಟೈಮ್‌ಗೆ ಹೋದಾಗ ನಮ್ಮ ಮನೆಯ ಇಂಟರ್ನೆಟ್ ಸತ್ತಿತು. ಅದು ಬ್ರಾಡ್‌ಬ್ಯಾಂಡ್ ಕಂಪನಿಯ ಕೃಪೆ, ಪಾಸ್‌ನ ತಪ್ಪಲ್ಲ. ಹೆಸರು ಬೇಡ.

ನನಗೆ ನಿಜವಾದ ತಕರಾರು ಇರುವುದು ಬೇರೆ ಕಡೆ. ಹಳ್ಳಿಗಳಲ್ಲಿ ಎಂಬತ್ತು ದಾಟಿದ ಅಜ್ಜಂದಿರು ಜೀವಮಾನವಿಡೀ ಈ ಕ್ಲಬ್‌ಗಳಿಗೆ ಪುಕ್ಕಟೆ ದುಡಿದವರು. ಅವರಿಗೆ ಆ್ಯಪ್, ಪಾಸ್‌ವರ್ಡ್ ಅಂದರೆ ತಲೆನೋವು. ಸಂಬಳವಿಲ್ಲದೆ ಆಡುವ ಆಟವನ್ನು ಅವರಿಗೆ ದುಡ್ಡಿಗೆ ಮಾರುವುದು ನನಗೆ ಸರಿ ಕಾಣುವುದಿಲ್ಲ. ನಾನು ಕೊಡುತ್ತೇನೆ, ನನಗೆ ಚಟ. ಒಂದು ಮೆಚ್ಚುಗೆಯನ್ನೂ ಹೇಳಬೇಕು. ಐರ್ಲೆಂಡಿನಲ್ಲಿ ಬೀದಿ ಬೀದಿಗೆ ಬೆಟ್ಟಿಂಗ್ ಅಂಗಡಿ. ಆದರೆ ಜಿಎಎ 2018ರಲ್ಲೇ ಬೆಟ್ಟಿಂಗ್ ಕಂಪನಿಗಳ ಪ್ರಾಯೋಜಕತ್ವ ಬೇಡ ಅಂದಿತು. ಐಪಿಎಲ್ ಜಾಹೀರಾತು ನೋಡಿ ಬೆಳೆದ ಕಣ್ಣಿಗೆ ಅದು ಎದ್ದು ಕಾಣುತ್ತದೆ.

ಊರಿನಿಂದ ನೋಡುವವರಿಗೆ: ಪ್ರದೇಶಕ್ಕೆ ತಕ್ಕಂತೆ ಪಾಸ್ ಬೇರೆ ಬೇರೆ. ಹೊರದೇಶದ ಪಾಸ್‌ನಲ್ಲಿ ಫೈನಲ್ ಕೂಡ ಇರುತ್ತದೆ. ಜುಲೈ ಕೊನೆಯ ಭಾನುವಾರ, ಇಲ್ಲಿಯ ಮಧ್ಯಾಹ್ನ 3.30, ಮೈಸೂರಿನಲ್ಲಿ ರಾತ್ರಿ 8 ಗಂಟೆ. ಊಟ ಮಾಡಿಕೊಂಡು ನೋಡಬಹುದು. ಡಬ್ಲಿನ್‌ನಲ್ಲಿದ್ದು ಫೈನಲ್‌ಗೆ ಕ್ರೋಕ್ ಪಾರ್ಕ್‌ಗೇ ಹೋಗುತ್ತೇನೆ ಅಂದರೆ 2024ರಲ್ಲಿ ಕೂರುವ ಟಿಕೆಟ್ 100 ಯೂರೊ ಇತ್ತು, ಅದೂ 82,300 ಜನ ಹಿಡಿಸುವ ಜಾಗದಲ್ಲಿ ಕ್ಲಬ್ ನಂಟಿಲ್ಲದವರಿಗೆ ಸಿಗುವುದೇ ಕಷ್ಟ.

ಐದಕ್ಕೆ ನಾಲ್ಕು ಸ್ಟಾರ್. ಆಫೀಸಿನಲ್ಲೋ ಪಬ್‌ನಲ್ಲೋ ಇಂಥದ್ದೊಂದು ಹಾಳೆ ಇದ್ದರೆ ಇಡೀ ಸೀಸನ್ ಪಾಸ್ ತಗೊಳ್ಳಿ. ಒಂದೇ ಕೌಂಟಿಯ ಮೇಲೆ ಕಣ್ಣಿದ್ದರೆ ಅದರ ಪಂದ್ಯ ಪಾಸ್‌ನಲ್ಲಿ ಎಷ್ಟಿದೆ ಅಂತ ಮೊದಲು ನೋಡಿ. ಮೇಯೋ ಅಭಿಮಾನಿಯಾದರೆ ಒಂದೊಂದೇ ಪಂದ್ಯ ಕೊಳ್ಳುವುದು ಲಾಭ. ಈ ಸಲಹೆ ನನ್ನದಲ್ಲ, ಅವಳೇ ಕೊಟ್ಟದ್ದು.