ಕರೆಂಟಿಲ್ಲದ ಊರಿಗೆ ಲ್ಯಾಪ್‌ಟಾಪ್: ನಾನು ಹೊತ್ತು ನೋಡಿದ ನಾಲ್ಕು ಬ್ಯಾಟರಿಗಳು

ಧಾರವಾಡದಲ್ಲಿ ಮನೆ ಮಾಡಿಕೊಂಡು, ಗದಗ ಮತ್ತು ಹಾವೇರಿ ಜಿಲ್ಲೆಗಳ ಸಹಕಾರ ಸಂಘಗಳ ಲೆಕ್ಕಪರಿಶೋಧನೆಗಾಗಿ ಊರೂರು ತಿರುಗುವುದು ನನ್ನ ಉದ್ಯೋಗ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಲೆಕ್ಕ ನೋಡಲು ಹಗಲಿನ ಬೆಳಕೊಂದಿದ್ದರೆ ಸಾಕಾಗುತ್ತಿತ್ತು. ಈಗ ಲ್ಯಾಪ್‌ಟಾಪ್ ಆರಿದರೆ ನಮ್ಮ ಕೈಯೂ ನಿಲ್ಲುತ್ತದೆ. ಎರಡು ವರ್ಷಗಳ ಹಿಂದೆ ಮುಂಡರಗಿ ತಾಲ್ಲೂಕಿನ ಒಂದು ಸೊಸೈಟಿಯಲ್ಲಿ ಮುಂಜಾನೆ ಹತ್ತೂವರೆಗೆ ಹೋದ ಕರೆಂಟ್ ಸಂಜೆ ಐದಾದರೂ ಬರಲಿಲ್ಲ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುವುದು ಕಿಟಕಿಯಿಂದ ಕಾಣುತ್ತಿತ್ತು, ಒಳಗೆ ನಮ್ಮ ತಲೆಯ ಮೇಲಿನ ಫ್ಯಾನ್ ನಿಂತಿತ್ತು. ಸಾಲದ ಖಾತೆಗಳನ್ನು ಅರ್ಧಕ್ಕೇ ಬಿಟ್ಟು ಮರಳಿದ ಆ ದಿನದಿಂದ ಇಲ್ಲಿಯವರೆಗೆ ನಾಲ್ಕು ಹೊರಗಿನ ಬ್ಯಾಟರಿಗಳನ್ನೂ ಕೊನೆಗೆ ಬೇರೆ ಬಗೆಯ ಒಂದು ಏರ್ಪಾಡನ್ನೂ ಹಣ ಕೊಟ್ಟೋ, ಎರವಲು ತಂದೋ ಬಳಸಿ ನೋಡಿದ್ದೇನೆ.

ಹೋಲಿಕೆ ನ್ಯಾಯವಾಗಿರಬೇಕೆಂದು ಎಲ್ಲಕ್ಕೂ ಒಂದೇ ಕೆಲಸ ಕೊಟ್ಟೆ: ಎಕ್ಸೆಲ್‌ನ ಎರಡು ಹಾಳೆಗಳು, ನುಡಿ ತಂತ್ರಾಂಶದಲ್ಲಿ ವರದಿಯ ಟೈಪಿಂಗ್, ಮೊಬೈಲ್ ಹಾಟ್‌ಸ್ಪಾಟ್, ಪರದೆಯ ಬೆಳಕು ಅರ್ಧ. ಹದಿನಾಲ್ಕು ಇಂಚಿನ ನನ್ನ ಲ್ಯಾಪ್‌ಟಾಪ್ ಇಷ್ಟಕ್ಕೆ ಸರಾಸರಿ 11 ವ್ಯಾಟ್ ಎಳೆಯುತ್ತದೆ. ಅದರ ಬ್ಯಾಟರಿ ಹೊಸದಿದ್ದಾಗ 45 ವ್ಯಾಟ್-ಅವರ್ (ಒಂದು ವ್ಯಾಟಿನಂತೆ 45 ತಾಸು ಎಳೆಯುವಷ್ಟು ಶಕ್ತಿ) ಹಿಡಿಯುತ್ತಿತ್ತು, ನಾಲ್ಕು ವರ್ಷ ಸವೆದ ಮೇಲೆ 33ಕ್ಕೆ ಇಳಿದಿದೆ; ಎಂದರೆ ಕರೆಂಟಿಲ್ಲದೆ ಸರಿಯಾಗಿ ಮೂರು ತಾಸು. ನನಗೆ ಬೇಕಾದದ್ದು ಎಂಟು ತಾಸು.

ಪವರ್‌ಬ್ಯಾಂಕಿನ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ 20,000 ಎಂಎಎಚ್ (ಮಿಲಿಆಂಪಿಯರ್-ಅವರ್) ಎಂಬ ಅಂಕಿಯನ್ನು ನಂಬಿ ನಾನು ಮೊದಲು ಮೋಸಹೋದದ್ದನ್ನು ಇಲ್ಲಿ ಹೇಳಲೇಬೇಕು. ಆ ಅಂಕಿ ಒಳಗಿನ ಸೆಲ್ಲುಗಳ 3.7 ವೋಲ್ಟ್ ಲೆಕ್ಕದ್ದು. ಅದನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಬರುವ 74 ವ್ಯಾಟ್-ಅವರ್ ಎಂಬುದೇ ಕೂಡಿಟ್ಟ ನಿಜವಾದ ಬಂಡವಾಳ, ಅದರಲ್ಲಿಯೂ ವೋಲ್ಟೇಜ್ ಏರಿಸುವಾಗ ಒಂದಿಷ್ಟು ಶಾಖವಾಗಿ ಸೋರಿಹೋಗುತ್ತದೆ. ನಾನು ಮೊದಲು ಕೊಂಡ ಬ್ಯಾಂಕಿನಲ್ಲಿ ಬಂಡವಾಳಕ್ಕೆ ಕೊರತೆಯಿರಲಿಲ್ಲ, ಆದರೆ ಅದು 22.5 ವ್ಯಾಟಿನ, ಮೊಬೈಲಿಗಾಗಿ ಮಾಡಿದ ಸರಕಾಗಿತ್ತು. 12 ವೋಲ್ಟ್‌ಗಿಂತ ಮೇಲೆ ಏರುತ್ತಿರಲಿಲ್ಲ. ಟೈಪ್-ಸಿ ಬಾಯಿಯ ಬಹುತೇಕ ಲ್ಯಾಪ್‌ಟಾಪ್‌ಗಳು ಕೇಳುವುದು 20 ವೋಲ್ಟ್. ಕೇಬಲ್ ಸಿಕ್ಕಿಸಿದೊಡನೆ ಚಾರ್ಜರ್ ನಿಧಾನವಾಗಿದೆ ಎಂಬ ಸೂಚನೆ ಪರದೆಯ ಮೂಲೆಯಲ್ಲಿ ಬಂದು ಹೋಯಿತು. ಅರ್ಧ ತಾಸಿನ ನಂತರ ನೋಡಿದರೆ ಬ್ಯಾಂಕಿನ ನಾಲ್ಕೂ ದೀಪಗಳು ಒಂದೊಂದಾಗಿ ಹೊಳೆಯುತ್ತಿದ್ದವು. ನನ್ನ ಲ್ಯಾಪ್‌ಟಾಪೇ ಆ ಬ್ಯಾಂಕನ್ನು ಚಾರ್ಜ್ ಮಾಡುತ್ತಿತ್ತು! ಟೈಪ್-ಸಿಯಲ್ಲಿ ಕರೆಂಟ್ ಎರಡೂ ದಿಕ್ಕಿಗೆ ಹರಿಯಬಲ್ಲದು, ಯಾರು ಕೊಡುವವರು, ಯಾರು ಪಡೆಯುವವರು ಎಂಬುದನ್ನು ಎರಡು ಸಾಧನಗಳು ತಮ್ಮೊಳಗೇ ಮಾತಾಡಿ ತೀರ್ಮಾನಿಸುತ್ತವೆ ಎಂಬ ಪಾಠ ನನಗೆ ಹೀಗೆ ಆಯಿತು.

ಎರಡನೆಯ ಸಲ ಅದೇ 74 ವ್ಯಾಟ್-ಅವರ್‌ನ, ಆದರೆ 65 ವ್ಯಾಟ್ ಪವರ್ ಡೆಲಿವರಿ (ಟೈಪ್-ಸಿಯಲ್ಲಿ ಸಾಧನ ಕೇಳಿದಷ್ಟು ವೋಲ್ಟೇಜ್ ಕೊಡುವ ವ್ಯವಸ್ಥೆ) ಇರುವ ಬ್ಯಾಂಕನ್ನು ತಂದೆ. ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಗುರುತೂ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇವೆಯೇ ಎಂದು ಈ ಸಲ ನೋಡಿಯೇ ಕೊಂಡೆ. ಜೊತೆಗೆ ವೋಲ್ಟ್ ಮತ್ತು ಆಂಪಿಯರ್ ತೋರಿಸುವ, ಹೆಬ್ಬೆರಳಿನಷ್ಟು ದೊಡ್ಡದಾದ ಮೀಟರನ್ನೂ ಕೊಂಡೆ. ಈ ಇಡೀ ಪ್ರಯೋಗದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಅದೇ. ಲ್ಯಾಪ್‌ಟಾಪ್ ಶೇಕಡಾ 10ಕ್ಕೆ ಇಳಿಯುವವರೆಗೆ ಕಾದು ಬ್ಯಾಂಕ್ ಹಚ್ಚಿದರೆ ಮೀಟರು 20 ವೋಲ್ಟ್, 2.4 ಆಂಪಿಯರ್ ತೋರಿಸುತ್ತಿತ್ತು, ಬ್ಯಾಂಕು ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗುತ್ತಿತ್ತು. ಹಾಗಲ್ಲದೆ, ಲ್ಯಾಪ್‌ಟಾಪ್ ತುಂಬಿರುವಾಗಲೇ, ಕೆಲಸ ಆರಂಭಿಸುವ ಹೊತ್ತಿಗೇ ಬ್ಯಾಂಕ್ ಹಚ್ಚಿದರೆ 0.6 ಆಂಪಿಯರ್ ಮಾತ್ರ ಹರಿಯುತ್ತಿತ್ತು, ಬ್ಯಾಂಕು ತಣ್ಣಗಿರುತ್ತಿತ್ತು. ಮೊದಲ ವಿಧಾನದಲ್ಲಿ ಬ್ಯಾಂಕಿನಿಂದ ನಾಲ್ಕೂಮುಕ್ಕಾಲು ತಾಸು ಸಿಕ್ಕಿದರೆ ಎರಡನೆಯದರಲ್ಲಿ ಐದು ತಾಸು ಇಪ್ಪತ್ತು ನಿಮಿಷ ಸಿಕ್ಕಿತು. ಕಾರಣ ಸರಳ: ಒಂದು ಬ್ಯಾಟರಿಯಿಂದ ತೆಗೆದು ಇನ್ನೊಂದು ಬ್ಯಾಟರಿಗೆ ತುಂಬಿ, ಅಲ್ಲಿಂದ ಮತ್ತೆ ತೆಗೆಯುವಾಗ ಎರಡು ಸಲ ತೆರಿಗೆ ಕಟ್ಟಿದಂತಾಗುತ್ತದೆ, ನೇರವಾಗಿ ಯಂತ್ರಕ್ಕೆ ಹರಿದರೆ ಒಂದೇ ಸಲ.

ಕೇಬಲ್ಲಿನ ಮಾತನ್ನೂ ಹೇಳಿಬಿಡುತ್ತೇನೆ. ಸಾಮಾನ್ಯ ಟೈಪ್-ಸಿ ಕೇಬಲ್ 3 ಆಂಪಿಯರ್, ಎಂದರೆ 20 ವೋಲ್ಟ್‌ನಲ್ಲಿ 60 ವ್ಯಾಟ್ ಮಾತ್ರ ಒಯ್ಯುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ಒಳಗೆ ಗುರುತಿನ ಚಿಪ್ ಇರುವ 5 ಆಂಪಿಯರ್ ಕೇಬಲ್ಲೇ ಆಗಬೇಕು. ನನ್ನಂಥ ಕೆಲಸಕ್ಕೆ 60 ವ್ಯಾಟ್ ಧಾರಾಳವಾಯಿತು. ಗುಂಡು ಪಿನ್ನಿನ ಹಳೆಯ ಲ್ಯಾಪ್‌ಟಾಪ್ ಇರುವವರು 20 ವೋಲ್ಟ್ ಕೇಳಿ ಪಡೆಯುವ ವಿಶೇಷ ಕೇಬಲ್ ಹುಡುಕಬೇಕಾಗುತ್ತದೆ. ಆದರೆ ಕೆಲವು ಯಂತ್ರಗಳು ಚಾರ್ಜರಿನ ನಡುಪಿನ್ನಿನಿಂದ ಬರುವ ಗುರುತು ಸಿಗದಿದ್ದರೆ ಓಡುತ್ತವೆಯೇ ಹೊರತು ಬ್ಯಾಟರಿಯನ್ನು ತುಂಬಿಸಿಕೊಳ್ಳುವುದಿಲ್ಲ. ಸಹೋದ್ಯೋಗಿಯೊಬ್ಬರ ಡೆಲ್ ಯಂತ್ರದಲ್ಲಿ ಇದನ್ನು ಕಣ್ಣಾರೆ ಕಂಡೆ.

ಮೂರನೆಯ ಪ್ರಯತ್ನ ಅಗ್ಗದ್ದು. ಮನೆಯಲ್ಲಿ ಕಂಪ್ಯೂಟರಿನ ಯುಪಿಎಸ್‌ನಿಂದ ತೆಗೆದಿಟ್ಟಿದ್ದ 12 ವೋಲ್ಟ್, 7 ಎಎಚ್ (ಆಂಪಿಯರ್-ಅವರ್) ಸೀಸದ ಬ್ಯಾಟರಿಯಿತ್ತು, ಅದಕ್ಕೆ ಕಾರಿಗೆ ಹಾಕುವ ಸಣ್ಣ ಇನ್ವರ್ಟರ್ ಜೋಡಿಸಿದೆ. ಲೆಕ್ಕದ ಪ್ರಕಾರ 84 ವ್ಯಾಟ್-ಅವರ್, ಪವರ್‌ಬ್ಯಾಂಕಿಗಿಂತ ಹೆಚ್ಚು. ಆದರೆ ಆ 7 ಎಎಚ್ ಎಂಬುದು ಇಪ್ಪತ್ತು ತಾಸುಗಳಲ್ಲಿ ನಿಧಾನವಾಗಿ ಖಾಲಿ ಮಾಡಿದಾಗಿನ ಅಳತೆ; ಬೇಗ ಎಳೆದಷ್ಟೂ ಅದು ಕಡಿಮೆ ಕೊಡುತ್ತದೆ, ಪೂರ್ತಿ ಖಾಲಿ ಮಾಡಿದರೆ ಬೇಗ ಸಾಯುತ್ತದೆ. ಮೇಲಾಗಿ 12 ವೋಲ್ಟನ್ನು 230ಕ್ಕೆ ಏರಿಸಿ, ಅದನ್ನು ಚಾರ್ಜರಿನಲ್ಲಿ ಮತ್ತೆ 20ಕ್ಕೆ ಇಳಿಸುವುದು, ಧಾರವಾಡದಿಂದ ಹುಬ್ಬಳ್ಳಿಗೆ ಹೋಗಲು ಬೆಳಗಾವಿ ಸುತ್ತಿ ಬಂದಂತೆ. ಸವಣೂರಿನ ಹತ್ತಿರದ ಒಂದು ಸೊಸೈಟಿಯಲ್ಲಿ ಮೇಜಿನ ಮೇಲೆ ಇದನ್ನಿಟ್ಟು ತಂತಿ ಸಿಕ್ಕಿಸುತ್ತಿದ್ದಾಗ ಸೆಕ್ರೆಟರಿಯವರು, "ಏನ್ರೀ ಸರ, ಗಾಡೀದ ಬ್ಯಾಟರಿನ ಬಿಚ್ಚಿಕೊಂಡು ಬಂದೀರೇನು?" ಎಂದು ಕೇಳಿದರು. ಮೂರು ತಾಸು ತುಂಬುವ ಮೊದಲೇ ಇನ್ವರ್ಟರ್ ಕುಂಯ್‌ಗುಟ್ಟಿ ನಿಂತಿತು. ಚಾರ್ಜರಿನೊಳಗಿನಿಂದ ಬರುತ್ತಿದ್ದ ಗುಂಯ್ ಎಂಬ ಸದ್ದೂ ನನಗೆ ಹಿಡಿಸಲಿಲ್ಲ. ಎರಡು ಕಿಲೋ ಮೀರಿದ ಈ ಭಾರವನ್ನು ಮತ್ತೆ ಹೊತ್ತಿಲ್ಲ.

ನಾಲ್ಕನೆಯದು ಪವರ್ ಸ್ಟೇಷನ್ ಎಂದು ಮಾರುವ, ಹಿಡಿಕೆಯಿರುವ ಪೆಟ್ಟಿಗೆ. ಸ್ನೇಹಿತರಿಂದ ಹದಿನೈದು ದಿನಗಳಿಗೆ ಎರವಲು ತಂದದ್ದು. ಒಳಗೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲುಗಳು, ಒಟ್ಟು 256 ವ್ಯಾಟ್-ಅವರ್, ತೂಕ ಸುಮಾರು ನಾಲ್ಕು ಕಿಲೋ. ಸಾವಿರಾರು ಸಲ ತುಂಬಿ ಖಾಲಿ ಮಾಡಿದರೂ ಬಾಳುವ ರಸಾಯನವದು. ಗದಗಿನ ಮೇ ತಿಂಗಳ ಬಿಸಿಲಿಗೂ ಹೆದರಲಿಲ್ಲ. ಆದರೆ ಇಲ್ಲಿಯೂ ಮೀಟರು ಒಂದು ಗುಟ್ಟು ಬಿಚ್ಚಿಟ್ಟಿತು. ಪೆಟ್ಟಿಗೆಯ 230 ವೋಲ್ಟ್ ಸಾಕೆಟ್ಟಿಗೆ ಚಾರ್ಜರ್ ಹಾಕಿದಾಗ, ಲ್ಯಾಪ್‌ಟಾಪ್ ತಿನ್ನುವುದು 11 ವ್ಯಾಟ್ ಆದರೂ ಪೆಟ್ಟಿಗೆಯಿಂದ ಹೋಗುತ್ತಿದ್ದದ್ದು 22 ವ್ಯಾಟ್. ಇನ್ವರ್ಟರ್ ಸುಮ್ಮನೆ ಎಚ್ಚರವಾಗಿರುವುದಕ್ಕೇ ಏಳೆಂಟು ವ್ಯಾಟ್ ನುಂಗುತ್ತಿತ್ತು. ಅದೇ ಪೆಟ್ಟಿಗೆಯ ಟೈಪ್-ಸಿ ಬಾಯಿಯಿಂದ ಎಳೆದಾಗ 12 ವ್ಯಾಟಿಗೆ ಇಳಿಯಿತು. ಸಾಕೆಟ್ಟಿನಿಂದಾದರೆ ಹತ್ತು ತಾಸಿನ ಸುಮಾರಿಗೆ ಬರಿದಾಗುವ ಪೆಟ್ಟಿಗೆ, ಸಿ ಬಾಯಿಯಿಂದಾದರೆ ಎರಡು ಪೂರ್ತಿ ದಿನದ ಕೆಲಸಕ್ಕೆ ಒದಗಿತು. ಇಂಥದನ್ನು ಕೊಂಡೂ ಅಭ್ಯಾಸಬಲದಿಂದ ಮೂರು ಪಿನ್ನಿನ ಸಾಕೆಟ್ಟನ್ನೇ ಬಳಸುವವರು ಅರ್ಧ ದುಡ್ಡನ್ನು ಗಾಳಿಗೆ ತೂರುತ್ತಿದ್ದಾರೆ.

ಕಾರಿನಲ್ಲಿ ತಿರುಗುವ, ಇಬ್ಬರು ಮೂವರು ಒಟ್ಟಿಗೆ ಕೂತು ಕೆಲಸ ಮಾಡುವ ತಂಡಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ನಾನು ಬಸ್ಸು, ರೈಲಿನವನು. ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದವೆಂದು ನಮಗೆಲ್ಲ ಹೆಮ್ಮೆಯೇನೋ ಇದೆ, ನಾಲ್ಕು ಕಿಲೋದ ಪೆಟ್ಟಿಗೆ ಹಿಡಿದು ಅದರ ಮೇಲೆ ನಡೆದ ದಿನ ಆ ಹೆಮ್ಮೆ ಸ್ವಲ್ಪ ಕಡಿಮೆಯಾಯಿತು. ವಿಮಾನಕ್ಕಂತೂ ಇದು ಸಲ್ಲುವುದಿಲ್ಲ: 100 ವ್ಯಾಟ್-ಅವರ್‌ವರೆಗಿನ ಬ್ಯಾಟರಿಯನ್ನು ಕೈಚೀಲದಲ್ಲಿ ಒಯ್ಯಬಹುದು, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದರ ಮೇಲಿನದಕ್ಕೆ ಅವಕಾಶವಿಲ್ಲ. ಚಿಕ್ಕದಿರಲಿ ದೊಡ್ಡದಿರಲಿ, ಪವರ್‌ಬ್ಯಾಂಕನ್ನು ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ.

ನನ್ನ ಮನಸ್ಸು ನಿಜವಾಗಿ ಒಲಿದದ್ದು ಕೊನೆಗೆ ನೋಡಿದ ಏರ್ಪಾಡಿಗೆ, ಅದು ಹೊರಗಿನ ಬ್ಯಾಟರಿಯೇ ಅಲ್ಲ. 2018ರ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪಿನಲ್ಲಿ ಒಳಗೊಂದು 24 ವ್ಯಾಟ್-ಅವರ್ ಬ್ಯಾಟರಿಯೂ ಹಿಂದುಗಡೆ ಚಿಲಕ ಸರಿಸಿ ತೆಗೆಯಬಹುದಾದ ಇನ್ನೊಂದೂ ಇರುತ್ತವೆ. ಹಿಂದಿನದು 72 ವ್ಯಾಟ್-ಅವರ್‌ವರೆಗೂ ಸಿಗುತ್ತಿತ್ತು. ಒಳಗಿನದು ಯಂತ್ರವನ್ನು ಎಚ್ಚರವಾಗಿಟ್ಟಿರುವಾಗ, ತೆರೆದ ಹಾಳೆಯನ್ನು ಮುಚ್ಚದೆಯೇ ಹಿಂದಿನದನ್ನು ಬದಲಿಸಬಹುದು. ತಂತಿಯಿಲ್ಲ, ವೋಲ್ಟೇಜ್ ಏರಿಳಿತದ ತೆರಿಗೆಯಿಲ್ಲ, ಮೇಜಿನ ಮೇಲೆ ಹೆಚ್ಚಿನ ಸಾಮಾನಿಲ್ಲ. ಹಳೆಯದೊಂದನ್ನು ಕೊಂಡು ಆರು ತಿಂಗಳು ಬಳಸಿದೆ. ತೊಡಕು ಬ್ಯಾಟರಿಯ ಪೂರೈಕೆಯದು: ಕಂಪನಿಯ ಅಸಲು ಸಿಗದೆ ಅಂಗಡಿಯವರು ಕೊಟ್ಟ ಬದಲಿ ಬ್ಯಾಟರಿಯ ಮೇಲೆ 72 ಎಂದಿದ್ದರೂ ವಿಂಡೋಸ್‌ನ ಬ್ಯಾಟರಿ ವರದಿ ಅದನ್ನು 58 ಎಂದೇ ಓದಿತು, ಸವೆದ ಒಳಬ್ಯಾಟರಿ 17ಕ್ಕೆ ನಿಂತಿತ್ತು. ಹೀಗಿದ್ದೂ ಏಳೂವರೆ ತಾಸು ಬಂತು. ಹೊಸ ಯಂತ್ರಗಳಲ್ಲಿ ಈ ಸೌಕರ್ಯವನ್ನು ಏಕೆ ಕೈಬಿಟ್ಟರೋ ಎಂದು ನನಗೆ ಇಂದಿಗೂ ಸಿಟ್ಟಿದೆ.

ಆದರೂ ಚೀಲದಲ್ಲಿ ಈಗ ಉಳಿದಿರುವುದು 65 ವ್ಯಾಟಿನ ಪವರ್‌ಬ್ಯಾಂಕೇ: ಲ್ಯಾಪ್‌ಟಾಪಿನ ಮೂರು ತಾಸಿಗೆ ಇದರ ಐದು ತಾಸು ಸೇರಿದರೆ ನನಗೆ ಬೇಕಾದ ಎಂಟು ತಾಸು ಆಗುತ್ತದೆ. ಅದನ್ನು ರಾತ್ರಿ ರೈಲಿನಲ್ಲಿ ತುಂಬಿಕೊಳ್ಳಬಹುದೆಂದು ನೆಚ್ಚಿಕೊಳ್ಳಬೇಡಿ, 11 ಗಂಟೆಯಿಂದ ಬೆಳಗಿನ 5ರವರೆಗೆ ಬೋಗಿಯ ಚಾರ್ಜಿಂಗ್ ಪ್ಲಗ್ಗುಗಳನ್ನು ಬಂದ್ ಮಾಡುತ್ತಾರೆ. ಇನ್ನೊಂದು ಎಚ್ಚರಿಕೆಯೂ ಬೇಕು. ಬ್ಯಾಡಗಿ ಕಡೆಯ ಸೊಸೈಟಿಯೊಂದರಲ್ಲಿ ಕರೆಂಟಿಲ್ಲದ ಮಧ್ಯಾಹ್ನ ಗುಮಾಸ್ತರು, "ಸರ, ನಂದೂ ಒಂದೀಟು ಹಚ್ಚಲೇನ್ರಿ" ಎನ್ನುತ್ತಲೇ ತಮ್ಮ ಮೊಬೈಲನ್ನು ಬ್ಯಾಂಕಿನ ಎರಡನೆಯ ಬಾಯಿಗೆ ಸಿಕ್ಕಿಸಿದರು. ಮೀಟರಿನ 20 ವೋಲ್ಟ್ ತಟ್ಟನೆ 5ಕ್ಕೆ ಕುಸಿದು, ಲ್ಯಾಪ್‌ಟಾಪಿನ ಚಾರ್ಜಿಂಗ್ ಗುರುತು ಮಾಯವಾಯಿತು. ಎರಡು ಬಾಯಿಗೆ ಹಂಚುವಾಗ ಈ ಬ್ಯಾಂಕು ಲ್ಯಾಪ್‌ಟಾಪಿನ ಪಾಲನ್ನೇ ಕೈಬಿಡುತ್ತದೆ. ಅಂದಿನಿಂದ, ಮೊದಲು ಕೊಂಡು ಬೈದುಕೊಂಡಿದ್ದ 22.5 ವ್ಯಾಟಿನ ಬ್ಯಾಂಕನ್ನೂ ಜೊತೆಗೆ ಒಯ್ಯುತ್ತೇನೆ. ಸೊಸೈಟಿಗೆ ಹೋದೊಡನೆ ಅದನ್ನು ಗುಮಾಸ್ತರ ಮೇಜಿನ ಮೇಲೆ ಇಟ್ಟುಬಿಡುತ್ತೇನೆ.