ನೇಲ್ ಪಾಲಿಶ್‌ನಿಂದ ಮಾಡೆಲ್ ಕಾರಿಗೆ ಏರ್‌ಬ್ರಶ್ ಮಾಡುವವರು ಮೊದಲು ಇದನ್ನು ಓದಿ

ಮಾಡೆಲ್ ಕಾರು ಕಟ್ಟುವ ಹುಡುಗರ ನಡುವೆ ಒಂದು ಉಪಾಯ ಜೋರಾಗಿ ಓಡಾಡುತ್ತಿದೆ. ಮಾಡೆಲಿಗೆ ಅಂತಲೇ ಬರುವ ಬಣ್ಣ ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪದ ಅಂಗಡಿಗಳಲ್ಲಿ ಸಿಗುವುದು ಕಷ್ಟ, ಆನ್‌ಲೈನಲ್ಲಿ ತರಿಸಿದರೆ ದುಬಾರಿ. ಹಾಗಾಗಿ ಫ್ಯಾನ್ಸಿ ಸ್ಟೋರಿನಿಂದ ನೇಲ್ ಪಾಲಿಶ್ ತಂದು, ಬಣ್ಣ ತೆಳ್ಳಗೆ ಮಾಡುವ ಥಿನ್ನರ್ ಬೆರೆಸಿ, ಗಾಳಿಯ ಒತ್ತಡದಿಂದ ಬಣ್ಣವನ್ನು ಮಂಜಿನ ಹಾಗೆ ಊದುವ ಏರ್‌ಬ್ರಶ್‌ಗೆ ಹಾಕಿ ಹೊಡೆಯಿರಿ ಅನ್ನುತ್ತಾರೆ. ಬಣ್ಣ ಚೆನ್ನಾಗಿಯೇ ಬರುತ್ತದೆ, ಅದು ಸುಳ್ಳಲ್ಲ. ಆದರೆ ಮಳೆಗಾಲದಲ್ಲಿ, ಕಿಟಕಿ ಬಾಗಿಲು ಮುಚ್ಚಿದ ಮನೆಯೊಳಗೆ, ಒಲೆ ಇರುವ ಕಡೆ ಇದನ್ನು ಖಂಡಿತ ಮಾಡಬೇಡಿ. ನಮ್ಮ ಮನೆಯಲ್ಲಿ ಅಕ್ಕನ ಮಗನ ಕೈ ಸುಟ್ಟಿದೆ. ಇನ್ನೊಬ್ಬರ ಮನೆಯಲ್ಲಿ ಇದು ಆಗಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮದು ಭಾಗಮಂಡಲದ ಕಡೆಯ ಹಳೇ ಮನೆ. ಬಚ್ಚಲಲ್ಲಿ ಇನ್ನೂ ಹಂಡೆ ಒಲೆಯೇ ಇದೆ. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ) ಮಳೆ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ಹೊರಗೆ ಹೋಗುವ ಹಾಗಿಲ್ಲ, ಕಿಟಕಿ ತೆಗೆದರೆ ಎರಚಲು. ಹುಡುಗ ಪಿಯುಸಿ ಓದುತ್ತಾನೆ, ರಜೆಗೆ ಬಂದಿದ್ದ. ಜೊತೆಗೆ 1:24 ಅಳತೆಯ ಪ್ಲಾಸ್ಟಿಕ್ ಕಿಟ್ ತಂದಿದ್ದ. ತೋಟದ ದಾರಿಗಳಲ್ಲಿ ನಡೆಯುವ ರ್‍ಯಾಲಿ ನೋಡಿ ಬೆಳೆದವನು, ರ್‍ಯಾಲಿ ಕಾರೇ ಬೇಕು ಅಂತ ದುಡ್ಡು ಕೂಡಿಟ್ಟು ತಂದದ್ದು. ಅದಕ್ಕೆ ಹಣ್ಣಾದ ಕಾಫಿಯ ಕೆಂಪು ಬೇಕಿತ್ತು ಅವನಿಗೆ, ಒಳಗೆ ಸಣ್ಣಗೆ ಮಿನುಗುವಂಥದ್ದು. ಅಂಥ ಕೆಂಪು ನೇಲ್ ಪಾಲಿಶ್‌ನಲ್ಲಿ ಬೇಕಾದಷ್ಟು ಸಿಗುತ್ತದೆ. ನಿಜ ಹೇಳಬೇಕೆಂದರೆ, ಈ ಉಪಾಯ ಇಷ್ಟು ಜನರನ್ನು ಎಳೆಯುವುದು ಬೆಲೆಯಿಂದ ಮಾತ್ರ ಅಲ್ಲ, ಇಷ್ಟು ಬಗೆಯ ಬಣ್ಣ ಬೇರೆ ಎಲ್ಲೂ ಸಿಗದೇ ಇರುವುದರಿಂದ.

ಅವನು ನೋಡಿದ ವಿಡಿಯೋದಲ್ಲಿ ಹೇಳಿದ್ದು ಇಷ್ಟು: ಪಾಲಿಶ್ ಒಂದು ಪಾಲು, ಥಿನ್ನರ್ ಎರಡು ಪಾಲು, ಹಾಲಿನಷ್ಟು ತೆಳ್ಳಗಾಗಬೇಕು. ಬಚ್ಚಲ ಪಕ್ಕ ಕೂತು ಹೊಡೆದರೆ ಒಳ್ಳೆಯದು, ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ. ಆಮೇಲೆ ಏರ್‌ಬ್ರಶ್‌ಗೆ ಥಿನ್ನರ್ ಹಾಕಿ ತೊಳೆದು ಬಿಡಿ. ಅಷ್ಟೇ. ಬೆಂಕಿ ಅನ್ನುವ ಪದವೇ ಇಲ್ಲ.

ಥಿನ್ನರ್ ಸಿಕ್ಕಿದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ, ಬಿಡಿಯಾಗಿ. ದೊಡ್ಡ ಕ್ಯಾನಿನಿಂದ ಹಳೇ ನೀರಿನ ಬಾಟಲಿಗೆ ಸುರಿದು ಕೊಟ್ಟರು. ಲೇಬಲ್ ಇಲ್ಲ, ಏನು ಬೆರೆತಿದೆ ಅಂತ ಗೊತ್ತಿಲ್ಲ, ಕೇಳಿದ್ದಕ್ಕೆ "ಎನ್‌ಸಿ ಥಿನ್ನರ್, ಎಲ್ಲಾದಕ್ಕೂ ಆಗುತ್ತೆ" ಅಂದರು. ಎಲ್ಲಾದಕ್ಕೂ ಆಗುವುದಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲ ಕೋಟ್ ತುಂಬಾ ಚೆನ್ನಾಗಿ ಬಂತು. ಎರಡನೆಯದೂ ಪರವಾಗಿಲ್ಲ. "ಮಾವ, ಇನ್ನೊಂದೇ ಕೋಟ್, ಆಮೇಲೆ ಮುಗೀತು" ಅಂದ. ಆ ಹೊತ್ತಿಗೆ ಕೋಣೆಯಲ್ಲಿ ಹಣ್ಣಿನಂಥ ಸಿಹಿ ವಾಸನೆ ತುಂಬಿಕೊಂಡಿತ್ತು, ತಲೆ ಭಾರವಾಗುವ ಹಾಗೆ. ಮುಗಿದ ಮೇಲೆ ವಿಡಿಯೋದಲ್ಲಿ ಹೇಳಿದ ಹಾಗೆಯೇ ಏರ್‌ಬ್ರಶ್ ತೊಳೆಯಲು ಕೂತ. ತೊಳೆದ ಥಿನ್ನರ್ ಒಂದು ಸ್ಟೀಲ್ ಬಟ್ಟಲಲ್ಲಿ ಅವನ ಮುಂದೆ ನೆಲದ ಮೇಲಿತ್ತು. ಅಷ್ಟರಲ್ಲಿ ಅಮ್ಮ ಸಂಜೆ ಸ್ನಾನಕ್ಕೆ ನೀರು ಕಾಯಿಸೋಣ ಅಂತ ಆ ಕಡೆ ಬಾಗಿಲಿನಿಂದ ಬಚ್ಚಲಿಗೆ ಬಂದು ಒಲೆ ಹಚ್ಚಿದರು. ನಮಗೂ ಒಲೆಗೂ ನಡುವೆ ಒಂದು ಮುಚ್ಚಿದ ಬಾಗಿಲಿತ್ತು.

ಬೆಂಕಿ ಮೇಲಿನಿಂದ ಬರಲಿಲ್ಲ. ಬಾಗಿಲ ಕೆಳಗಿನ ಸಂದಿಯಿಂದ, ನೆಲಕ್ಕೆ ಅಂಟಿಕೊಂಡು, ನೀಲಿ ಅಂಚಿನ ಒಂದು ಅಲೆ ಸರ್ರನೆ ಓಡಿ ಬಂತು. ಬಟ್ಟಲಿಗೆ ಮುಟ್ಟಿದ ತಕ್ಷಣ "ಬುಸ್" ಅಂತ ಎದ್ದಿತು. ಹುಡುಗನ ಬಲಗೈ ಬಟ್ಟಲ ಮೇಲೆಯೇ ಇತ್ತು. ಬಾಗಿಲಲ್ಲಿ ಕಾಲೊರೆಸಲು ಹಾಕಿದ್ದ ಕಾಫಿ ಗೋಣಿಚೀಲ ಮಳೆಗೆ ಒದ್ದೆಯಾಗಿತ್ತು, ಅದನ್ನೇ ಎತ್ತಿ ಬಟ್ಟಲ ಮೇಲೆ ಹಾಕಿದೆ. ಆರಿತು. ಆ ಗೋಣಿ ಒಣಗಿದ್ದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚನೆ ಬರುತ್ತದೆ. ಪುಣ್ಯಕ್ಕೆ ಅಮ್ಮನಿಗೆ ಏನೂ ಆಗಲಿಲ್ಲ.

ಸುಟ್ಟ ಕೈಗೆ ಮನೆಯವರು ಕಾಫಿ ಪುಡಿ ಹಚ್ಚಲು ಬಂದರು, ಯಾರೋ ಟೂತ್‌ಪೇಸ್ಟ್ ಅಂದರು. ಎರಡೂ ಬೇಡ. ತಣ್ಣಗಿನ ಹರಿಯುವ ನೀರಿನ ಕೆಳಗೆ 20 ನಿಮಿಷ ಕೈ ಹಿಡಿಯಬೇಕು, ಉಂಗುರ ವಾಚು ಇದ್ದರೆ ಊದುವ ಮೊದಲೇ ತೆಗೆಯಬೇಕು, ಐಸ್ ಇಡಬಾರದು, ಗುಳ್ಳೆ ಒಡೆಯಬಾರದು. ನಾವು ಅಷ್ಟು ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೈ ಈಗ ಚೆನ್ನಾಗಿದೆ, ಹಿಂಭಾಗದಲ್ಲಿ ಕಲೆ ಉಳಿದಿದೆ.

ಹೀಗೆ ಯಾಕಾಯಿತು ಅನ್ನುವುದು ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಮಾಮೂಲಿ ನೇಲ್ ಪಾಲಿಶ್ ಅಂದರೆ ನೈಟ್ರೋಸೆಲ್ಯುಲೋಸ್ (ಅಂಗಡಿಯವರ ಎನ್‌ಸಿ ಅಂದರೆ ಇದೇ), ಅದನ್ನು ಕರಗಿಸಿಟ್ಟಿರುವ ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್, ಮತ್ತೆ ಬಣ್ಣ. 1920ರ ದಶಕದಲ್ಲಿ ನಿಜವಾದ ಕಾರುಗಳಿಗೆ ಹೊಡೆಯಲು ಬಂದ ಡ್ಯೂಕೋ ಕೂಡ ಇದೇ ಜಾತಿಯದು, ನಮ್ಮ ಬಡಗಿಗಳು ಇವತ್ತಿಗೂ ಸ್ಪ್ರೇ ಬಣ್ಣಕ್ಕೆ ಡ್ಯೂಕೋ ಅನ್ನುತ್ತಾರೆ ಅಲ್ವಾ, ಅದು. ಬಾಟಲಿಯ ಕುಂಚದಿಂದ ಉಗುರಿಗೆ ಹಚ್ಚುವಾಗ ಗಾಳಿಗೆ ಹೋಗುವ ಆವಿ ಸ್ವಲ್ಪವೇ. ಅದಕ್ಕೆ ಎರಡು ಪಾಲು ಥಿನ್ನರ್ ಸೇರಿಸಿ ಮಂಜಿನ ಹಾಗೆ ಊದಿದರೆ ಕಥೆಯೇ ಬೇರೆ. ಈಥೈಲ್ ಅಸಿಟೇಟ್ ಸೊನ್ನೆಗಿಂತ 4 ಡಿಗ್ರಿ ಕೆಳಗೂ, ಹಲವು ಥಿನ್ನರ್‌ಗಳಲ್ಲಿರುವ ಅಸಿಟೋನ್ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತವೆ. ಅಂದರೆ ಮಡಿಕೇರಿ ಚಳಿ ನಮ್ಮನ್ನು ಕಾಯುವುದಿಲ್ಲ. ಈ ಆವಿ ಗಾಳಿಗಿಂತ ಭಾರ. ಮೇಲೆ ಹೋಗಿ ಕಿಟಕಿಯಿಂದ ಹೊರಗೆ ಹೋಗುತ್ತದೆ ಅಂತ ನಂಬಬೇಡಿ, ಅದು ಕೆಳಗಿಳಿದು ನೆಲದ ಮೇಲೆ ಹರಡಿ, ಬಾಗಿಲ ಸಂದಿಯಲ್ಲಿ ನುಸುಳಿ ಪಕ್ಕದ ಕೋಣೆಗೆ ಹೋಗುತ್ತದೆ. ಒಲೆ ಅಲ್ಲಿ ಹಚ್ಚಿದರೂ ಬೆಂಕಿ ಇಲ್ಲಿಗೆ ಬರುವುದು ಹೀಗೆ.

ನಮ್ಮ ಕಡೆ ಮಳೆಗಾಲದಲ್ಲಿ ಮನೆಯೊಳಗೆ ಬೆಂಕಿ ಎಲ್ಲೆಲ್ಲಿ ಇರುತ್ತದೆ ನೋಡಿ. ಹಂಡೆ ಒಲೆ, ಬಟ್ಟೆ ಒಣಗಿಸಲು ಇಟ್ಟ ಕೆಂಡ, ಕರೆಂಟ್ ಹೋದಾಗ ಹಚ್ಚುವ ಮೊಂಬತ್ತಿ, ದೇವರ ದೀಪ, ಗ್ಯಾಸ್. ಇದರ ಜೊತೆಗೆ ಏರ್‌ಬ್ರಶ್‌ಗೆ ಗಾಳಿ ಕೊಡುವ ಕಂಪ್ರೆಸರ್‌ನ ಸ್ವಿಚ್ಚು, ಎಕ್ಸಾಸ್ಟ್ ಫ್ಯಾನಿನ ಮೋಟಾರು. ಆವಿ ಎಳೆಯಲಿ ಅಂತ ಬಚ್ಚಲ ಹಳೇ ಎಕ್ಸಾಸ್ಟ್ ಫ್ಯಾನ್ ಹಾಕುವವರಿದ್ದಾರೆ, ಆವಿಯೆಲ್ಲಾ ಆ ಮೋಟಾರಿನ ಮೇಲೆಯೇ ಹಾದು ಹೋಗುತ್ತದೆ, ಒಂದು ಕಿಡಿ ಸಾಕು. ಊರಿನಿಂದ ಊರಿಗೆ ಓಡುವ ವಿಡಿಯೋಗಳಿಗೆ ನಮ್ಮ ಮನೆಗಳು ಹೇಗಿವೆ ಅಂತ ಗೊತ್ತಿರುವುದಿಲ್ಲ.

ಇನ್ನು ಕಾರಿನ ವಿಷಯ. ಬೆಂಕಿ ಹತ್ತದೇ ಇದ್ದಿದ್ದರೂ ಆ ಬಾಡಿ ಹಾಳಾಗಿತ್ತು. ಮಾರನೇ ದಿನ ಬೆಳಕಿಗೆ ಹಿಡಿದು ನೋಡಿದರೆ ಬಾನೆಟ್ಟಿನ ಅಂಚಿನಲ್ಲಿ, ಬಾಗಿಲ ಗೆರೆಗಳ ಉದ್ದಕ್ಕೂ ಕೂದಲೆಳೆಯಂಥ ಬಿರುಕು. ಬಣ್ಣದ ಮೇಲಿನ ಬಿರುಕಲ್ಲ, ಪ್ಲಾಸ್ಟಿಕ್ಕೇ ಬಿರಿದಿತ್ತು. ಈ ಕಿಟ್‌ಗಳು ಹೆಚ್ಚಾಗಿ ಪಾಲಿಸ್ಟೈರೀನ್. ಅಸಿಟೋನ್, ಟೊಲುಯೀನ್, ಈಥೈಲ್ ಅಸಿಟೇಟ್ ಎಲ್ಲವೂ ಅದನ್ನು ತಿನ್ನುತ್ತವೆ. ಬಣ್ಣಕ್ಕೆ ಮೊದಲು ತಳಕ್ಕೆ ಹೊಡೆಯುವ ಪ್ರೈಮರ್ ಹೊಡೆದಿದ್ದೆವು. ಆದರೆ ಅಂಚುಗಳಲ್ಲಿ ಪ್ರೈಮರ್ ಯಾವಾಗಲೂ ತೆಳ್ಳಗೆ ನಿಲ್ಲುತ್ತದೆ, ವಾಟರ್ ಪೇಪರ್ ಉಜ್ಜಿದಾಗ ಮೊದಲು ಹೋಗುವುದೂ ಅಲ್ಲೇ. ಜೊತೆಗೆ ಈ ಜಾತಿಯ ಬಣ್ಣ ಒಣಗಿದ ಮೇಲೂ ಹೊಸ ಕೋಟ್ ಬಿದ್ದಾಗ ಮತ್ತೆ ಕರಗುತ್ತದೆ, ಒದ್ದೆಯಾಗಿ ಹೊಡೆದಷ್ಟೂ ಥಿನ್ನರ್ ಕೆಳಗಿಳಿಯುತ್ತದೆ. ಹೀಗೆ ಬಿರಿದ ಪ್ಲಾಸ್ಟಿಕ್ ಸರಿ ಮಾಡಲು ಬಣ್ಣ ತೆಗೆದು ಉಜ್ಜಿ, ಮತ್ತೆ ದಪ್ಪ ಪ್ರೈಮರ್ ತುಂಬಿ ಉಜ್ಜಬೇಕು. ಬಣ್ಣ ತೆಗೆಯಲು ಮಾತ್ರ ನೇಲ್ ಪಾಲಿಶ್ ರಿಮೂವರ್ ಹಾಕಬೇಡಿ, ಅಸಿಟೋನ್ ಇರುವ ರಿಮೂವರ್ ಆದರೆ ಬಾಡಿ ಅಂಟು ಅಂಟಾಗಿ ಕರಗುತ್ತದೆ.

ಕಾರಿನ ಟಾಪಿನ ಮೇಲೆ ಇನ್ನೊಂದು ತೊಂದರೆ, ಕೆಂಪು ಬಣ್ಣದ ಮೇಲೆ ಬಿಳಿ ಮಂಕು. ಇದು ನಮ್ಮ ಮಳೆಗಾಲದ್ದೇ ಕೊಡುಗೆ. ಥಿನ್ನರ್ ಬೇಗ ಆವಿಯಾಗುವಾಗ ಬಣ್ಣದ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ, ತಣ್ಣಗಾದ ಬಣ್ಣದ ಮೇಲೆ ಗಾಳಿಯ ತೇವ ಕೂರುತ್ತದೆ, ಬಣ್ಣ ಹಾಲು ಬಿದ್ದ ಹಾಗೆ ಬೆಳ್ಳಗಾಗುತ್ತದೆ. ಮರಕ್ಕೆ ಎನ್‌ಸಿ ಪಾಲಿಶ್ ಹೊಡೆಯುವವರನ್ನು ಕೇಳಿ, ಜೋರು ಮಳೆಯಲ್ಲಿ ಅವರು ಕೆಲಸ ಮುಂದೂಡುತ್ತಾರೆ. ಅಸಿಟೋನ್ ಜಾಸ್ತಿ ಇರುವ ಥಿನ್ನರ್ ಆದರೆ ಇನ್ನೂ ಕೆಟ್ಟದು. ಅಸಿಟೋನ್ ಕುದಿಯುವುದು 56 ಡಿಗ್ರಿಗೆ, ಬ್ಯೂಟೈಲ್ ಅಸಿಟೇಟ್ ಸುಮಾರು 126ಕ್ಕೆ. ಅಸಿಟೋನ್ ಬೆರೆಸಿದ ಪಾಲಿಶ್ ಕಾರಿಗೆ ತಲುಪುವ ಮೊದಲೇ ಗಾಳಿಯಲ್ಲಿ ಒಣಗಿ ಮರಳು ಮರಳಾಗಿ ಕೂರುತ್ತದೆ. ಮೇಲೆ ಕಂಪ್ರೆಸರ್‌ಗೆ ನೀರು ಹಿಡಿಯುವ ಟ್ರ್ಯಾಪ್ ಇಲ್ಲದಿದ್ದರೆ ಪೈಪಿನಲ್ಲಿ ಕೂತ ನೀರು ಹನಿಯಾಗಿ ಬಣ್ಣದ ಜೊತೆಗೇ ಉಗುಳುತ್ತದೆ.

ಏರ್‌ಬ್ರಶ್ ಕೂಡ ಉಳಿಯಲಿಲ್ಲ. ಕಡಿಮೆ ಬೆಲೆಯದರಲ್ಲಿ ಒಳಗಿನ ವಾಷರ್ ಸಾದಾ ರಬ್ಬರಿನದು, ಇಂಥ ಥಿನ್ನರಿಗೆ ಅದು ಉಬ್ಬಿ ಸೂಜಿ ಹಿಡಿದುಕೊಂಡುಬಿಡುತ್ತದೆ. ಪಿಟಿಎಫ್‌ಇ (ಟೆಫ್ಲಾನ್) ವಾಷರ್ ಇರುವುದು ತಡೆಯುತ್ತದೆ. ದಪ್ಪ ಗ್ಲಿಟರ್ ಇರುವ ಪಾಲಿಶ್ 0.3 ಮಿ.ಮೀ. ನಾಜಲ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಸಣ್ಣ ಮಿನುಗಿನ ಪರ್ಲ್ ಪರವಾಗಿಲ್ಲ.

ಜೆಲ್ ಪಾಲಿಶ್ ಅಂತ ಬರೆದಿದ್ದರೆ ಮುಟ್ಟಲೇಬೇಡಿ. ಅದು ಗಾಳಿಗೆ ಒಣಗುವುದಲ್ಲ, ಯುವಿ ಲ್ಯಾಂಪಿನ ಬೆಳಕಿಗೆ ಗಟ್ಟಿಯಾಗುವ ಬೇರೆಯೇ ರಾಳ. ಗಟ್ಟಿಯಾಗುವ ಮೊದಲು ಚರ್ಮಕ್ಕೆ ತಾಗಿದರೆ ಅಲರ್ಜಿ ಬರಬಹುದು, ಒಮ್ಮೆ ಬಂದರೆ ಬಿಡುವುದು ಕಷ್ಟ. ಅದನ್ನು ಮಂಜು ಮಾಡಿ ಊದುವುದಂತೂ ಬೇಡವೇ ಬೇಡ.

ಮಾಸ್ಕ್ ಬಗ್ಗೆ ಒಂದು ಮಾತು. ಕೊರೋನಾ ಕಾಲದ ಎನ್95 ಎಲ್ಲರ ಮನೆಯಲ್ಲೂ ಇದೆ, ಅದನ್ನೇ ಹಾಕಿಕೊಂಡು ಧೈರ್ಯವಾಗಿ ಕೂರುತ್ತಾರೆ. ಅದು ಕಣಗಳನ್ನು ಹಿಡಿಯುತ್ತದೆ, ಥಿನ್ನರ್ ಆವಿಯನ್ನು ಹಿಡಿಯುವುದಿಲ್ಲ. ಆವಿಗೆ ಬೇಕಾದದ್ದು ಇದ್ದಿಲು ಕಾರ್ಟ್ರಿಜ್ ಇರುವ ರೆಸ್ಪಿರೇಟರ್. ಮಾಸ್ಕ್ ಹಾಕಿಯೂ ವಾಸನೆ ಬರುತ್ತಿದ್ದರೆ ನೀವು ಅದನ್ನು ಕುಡಿಯುತ್ತಿದ್ದೀರಿ ಅಂತಲೇ ಅರ್ಥ.

ಈ ಬಣ್ಣವೇ ಬೇಕು ಅನ್ನುವವರಿಗೆ ನಾನು ಹೇಳುವುದು: ಮಳೆ ಪೂರ್ತಿ ಬಿಡಲಿ. ಜನವರಿ, ಫೆಬ್ರವರಿಯ ಒಣ ಹಗಲಿನಲ್ಲಿ, ಮನೆಯ ಹೊರಗೆ, ಗಾಳಿಯಾಡುವ ಜಾಗದಲ್ಲಿ ಮಾಡಿ. ಕಾಫಿ ಕಣದ ಹತ್ತಿರ ಮಾತ್ರ ಬೇಡ, ಸಿಪ್ಪೆಯ ಧೂಳು ಒದ್ದೆ ಬಣ್ಣಕ್ಕೆ ಕೂರುತ್ತದೆ, ಒಣಗುತ್ತಿರುವ ಕಾಫಿ ವಾಸನೆಯನ್ನು ಎಳೆದುಕೊಳ್ಳುತ್ತದೆ, ಎರಡೂ ಕಡೆ ನಷ್ಟ. ಬಾಡಿಗೆ ಹೊಡೆಯುವ ಮೊದಲು ಅದೇ ಕಿಟ್ಟಿನ ಬಿಡಿಭಾಗ ಕತ್ತರಿಸಿದ ಮೇಲೆ ಉಳಿಯುವ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಅದೇ ಪ್ರೈಮರ್, ಅದೇ ಮಿಶ್ರಣ ಹೊಡೆದು ಒಂದು ರಾತ್ರಿ ಬಿಟ್ಟು ನೋಡಿ. ಕೋಟ್‌ಗಳು ತೆಳ್ಳಗಿರಲಿ. ಲೋಹದ ಡೈಕಾಸ್ಟ್ ಕಾರಾದರೆ ಬಾಡಿಗೆ ಈ ಭಯ ಇಲ್ಲ, ಆದರೆ ಗಾಜು, ಬಂಪರ್ ಎಲ್ಲಾ ಪ್ಲಾಸ್ಟಿಕ್ಕು, ಬಿಚ್ಚಿಟ್ಟು ಹೊಡೆಯಿರಿ. ತೊಳೆದ ಥಿನ್ನರನ್ನು ಬಚ್ಚಲಿಗೋ ತೋಡಿಗೋ ಸುರಿಯಬೇಡಿ, ನಮ್ಮ ತೋಡುಗಳೆಲ್ಲಾ ಕೊನೆಗೆ ಸೇರುವುದು ಹೊಳೆಗೇ. ಮುಚ್ಚಳ ಗಟ್ಟಿಯಾಗಿರುವ ಡಬ್ಬಿಯಲ್ಲಿ ಹಾಕಿ, ಮಕ್ಕಳ ಕೈಗೆ ಸಿಗದ ಹಾಗೆ, ಮನೆಯ ಹೊರಗೆ ಇಡಿ. ಒರೆಸಿದ ಬಟ್ಟೆಯೂ ಹೊರಗೇ ಒಣಗಲಿ.

ಮನೆಯೊಳಗೇ ಮಾಡಬೇಕು ಅನ್ನುವವರು ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಬಣ್ಣಕ್ಕೆ ಬನ್ನಿ. ಅದಕ್ಕೂ ಮಾಸ್ಕ್ ಬೇಕು, ಕಿಟಕಿ ತೆರೆದಿರಬೇಕು, ಆದರೆ ಒಲೆಗೆ ಹೆದರಬೇಕಾಗಿಲ್ಲ. ಅಕ್ರಿಲಿಕ್ ಅಂದ ಮಾತ್ರಕ್ಕೆ ಎಲ್ಲಾ ನೀರಿನದಲ್ಲ, ತಾಮಿಯಾ ಕಂಪನಿಯ ಅಕ್ರಿಲಿಕ್‌ನಲ್ಲಿ ಆಲ್ಕೋಹಾಲ್ ಇದೆ, ಅದೂ ಹೊತ್ತಿಕೊಳ್ಳುವಂಥದ್ದೇ. ಬಾಟಲಿಯ ಮೇಲೆ ಬೆಂಕಿಯ ಗುರುತು ಇದೆಯಾ ನೋಡಿ ತೆಗೆದುಕೊಳ್ಳಿ.

ಅಂಗಡಿಯವರಿಗೂ ಒಂದು ಬೇಡಿಕೆ ಇದೆ. ಸ್ಕೂಲು ಕಾಲೇಜಿನ ಮಕ್ಕಳಿಗೆ ನೀರಿನ ಬಾಟಲಿಯಲ್ಲಿ ಥಿನ್ನರ್ ತುಂಬಿ ಕೊಡಬೇಡಿ. ಯಾರಾದರೂ ನೀರು ಅಂತ ಬಾಯಿಗಿಟ್ಟರೆ ಏನು ಗತಿ? ತಂದೆ ತಾಯಂದಿರೇ, ಮನೆಯಲ್ಲಿ ಅಂಥ ಬಾಟಲಿ ಇದ್ದರೆ ಇವತ್ತೇ ಎತ್ತಿ ಹೊರಗಿಡಿ, ಮೇಲೆ ದಪ್ಪ ಅಕ್ಷರದಲ್ಲಿ ಥಿನ್ನರ್ ಅಂತ ಬರೆಯಿರಿ.